ಬೈದೊವಾದ ಹಗೇವು

ಚಿ. ಶೈಲಾಗೆ ಅಪ್ಪನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ಹಿಂಗಾರಿ ಜೋಳ ತೆನೆ ಕಟ್ಟಿದೆ, ಬೆಳಗಿನ ಹೊತ್ತು ಹಕ್ಕಿ ಕಾಯಲು ನಾನೇ ಹೊಲಕ್ಕೆ ಹೋಗುತ್ತೇನೆ. ನಿಮ್ಮವ್ವನ ಮೊಣಕಾಲು ನೋವು ಈಗ ಎಷ್ಟೋ ಕಡಿಮೆ. ಹೋದ ರವಿವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನನಗೆ ಉತ್ತರ ಹೇಳಲು ಆಗಲಿಲ್ಲ. "ಅಪ್ಪಾ, ನೀ ಸೊಮಾಲಿಯಾಕ್ಕ ಹೋಗಿ ಬಂದಾಂವ, ಹೇಳು ನೋಡೋಣ, ಇಬ್ಬರೊಳಗ ಯಾರದು ಖರೆ?" ಅಂದೆ. ಸಾವಕಾಶ ಬರೀತೀನಿ ಅಂದು ಫೋನ್ ಇಟ್ಟೆ. ಎರಡು ರಾತ್ರಿ ಅದನ್ನೇ ಯೋಚಿಸಿ ಈಗ ಬರೆಯಲು ಕೂತಿದ್ದೇನೆ.

ನಿನ್ನ ಆಸ್ಪತ್ರೆಯ ಊಟದ ಕೋಣೆಯಲ್ಲಿ ಜಗಳಾಡಿದ ಇಬ್ಬರೂ ನಿನಗೆ ಬೇಕಾದವರು. ಇಬ್ಬರೂ ಸೊಮಾಲಿಗಳೇ. ಒಬ್ಬಳ ಮನೆತನ ಉತ್ತರದ ಹರ್ಗೇಸಾದ್ದು, ಇನ್ನೊಬ್ಬಳದು ದಕ್ಷಿಣದಲ್ಲಿರುವ ರಾಜಧಾನಿ ಮೊಗದಿಶುದ್ದು. ಬೆಳೆದದ್ದು ಮಾತ್ರ ನೀನಿರುವ ಅಮೆರಿಕದ ಮಿನಿಯಾಪೊಲಿಸ್‌ನಲ್ಲೇ. ವಾಟ್ಸಾಪ್‌ನಲ್ಲಿ ಬಂದ ಯಾವುದೋ ಮಾತಿಗೆ ಶುರುವಾಗಿ, ಯಾರ ಸೀಮೆಗೆ ಎಷ್ಟು ಪಾಲು, ಯಾರ ಕುಲ ಯಾರನ್ನು ತುಳಿಯಿತು ಎಂಬಲ್ಲಿಗೆ ಹೋಗಿ, ಈಗ ಮಾತೇ ಬಿಟ್ಟಿದ್ದಾರೆ ಎಂದೆ. ಅದೇ ಕೋಣೆಯಲ್ಲಿ ವಾರ್ಡು ಸ್ವಚ್ಛ ಮಾಡುವ ಇನ್ನೊಬ್ಬ ಸೊಮಾಲಿ ಹೆಂಗಸು ಕೂತಿದ್ದಳು, ಜಗಳ ಏರಿದಾಗ ತನ್ನ ಊಟದ ಡಬ್ಬಿ ಮುಚ್ಚಿಕೊಂಡು ಹೊರಗೆ ಹೋದಳು ಎಂದು ನಡುವೆ ಒಂದು ಮಾತು ಹೇಳಿದೆಯಲ್ಲ, ನನ್ನ ಮನಸ್ಸು ಅಲ್ಲೇ ನಿಂತಿತು. ಅವಳ ವಿಷಯಕ್ಕೆ ಬರುತ್ತೇನೆ. ಮೊದಲು ಆ ಇಬ್ಬರದು.

ನಿನ್ನ ಹರ್ಗೇಸಾದ ಗೆಳತಿಗೆ ಸಿಟ್ಟು ಬರುವುದು ಸುಮ್ಮನೆ ಅಲ್ಲ. ಅವರ ಉತ್ತರದ ಸೀಮೆಗೆ ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿದ್ದು 1960ರ ಜೂನ್ 26ಕ್ಕೆ. ಐದು ದಿನ ಕಳೆದು ಜುಲೈ 1ಕ್ಕೆ ಇಟಲಿಯವರು ಆಳಿದ್ದ ದಕ್ಷಿಣದ ಜೊತೆ ತಾವಾಗಿಯೇ ಕೂಡಿಕೊಂಡರು. ಹೊಸ ಸಂಸತ್ತಿನ 123 ಸ್ಥಾನಗಳಲ್ಲಿ ಉತ್ತರಕ್ಕೆ ಬಂದದ್ದು 33. ರಾಜಧಾನಿ ದಕ್ಷಿಣಕ್ಕೆ, ಅಧ್ಯಕ್ಷಗಿರಿ ದಕ್ಷಿಣಕ್ಕೆ, ಪ್ರಧಾನಿಗಿರಿಯೂ ದಕ್ಷಿಣಕ್ಕೆ. ಮರುವರ್ಷವೇ ಉತ್ತರದ ಎಳೆಯ ಸೈನ್ಯಾಧಿಕಾರಿಗಳು ಬಂಡೆದ್ದು ಸೋತರು. 1969ರಲ್ಲಿ ಸೈನ್ಯದ ಮುಖ್ಯಸ್ಥ ಸಿಯಾದ್ ಬರೆ ಅಧಿಕಾರ ಹಿಡಿದು, ಇನ್ನು ಮುಂದೆ ಯಾರೂ ಕುಲದ ಹೆಸರೆತ್ತಬಾರದು ಎಂದ. ಹೆಸರು ಬಾಯಿಂದ ಹೋಯಿತು, ಆಯಕಟ್ಟಿನ ಜಾಗಗಳಲ್ಲಿ ಮಾತ್ರ ಅವನ ನಂಟರ ಕುಲಗಳೇ ಕೂತವು. 1988ರಲ್ಲಿ ಅವನ ವಿಮಾನಗಳು ಹರ್ಗೇಸಾದ ಮೇಲೆ ಬಾಂಬು ಹಾಕಿದವು. ಅವು ಮೇಲೆದ್ದದ್ದು ಅದೇ ಊರಿನ ವಿಮಾನ ನಿಲ್ದಾಣದಿಂದ. ಆ ಸೀಮೆಯ ಇಸಾಕ್ ಕುಲದವರು ಸಾವಿರಗಟ್ಟಲೆ ಸತ್ತರು, ಊರು ನೆಲಸಮವಾಯಿತು. 1991ರ ಮೇ 18ಕ್ಕೆ ಅವರು ಸೊಮಾಲಿಲ್ಯಾಂಡ್ ಎಂದು ಬೇರೆಯಾದರು. ಮೂವತ್ತು ವರ್ಷ ತಮ್ಮದೇ ನೋಟು, ತಮ್ಮದೇ ಪೊಲೀಸು, ತಮ್ಮದೇ ಚುನಾವಣೆ ನಡೆಸಿದರೂ 2025ರ ಡಿಸೆಂಬರ್ ತನಕ ಒಂದು ದೇಶವೂ ಅವರನ್ನು ಮಾನ್ಯ ಮಾಡಲಿಲ್ಲ. ಆ ಮನೆಯಲ್ಲಿ ಹುಟ್ಟಿದವಳು "ನಮ್ಮ ಪಾಲು ಎಲ್ಲಿ" ಎಂದು ಕೇಳಿದರೆ ತಪ್ಪೇನು?

ಮೊಗದಿಶುದವಳ ಮಾತಿನಲ್ಲೂ ಹುರುಳಿದೆ. 1991ರ ಜನವರಿಯಲ್ಲಿ ಬರೆ ಓಡಿಹೋದ ಮೇಲೆ ಅವಳ ಊರನ್ನು ಸೇನಾನಾಯಕರು ಎರಡಾಗಿ ಸೀಳಿದರು. ಹೊಡೆದಾಡಿದ ಐದೀದ್, ಅಲಿ ಮಹದಿ ಇಬ್ಬರೂ ಒಂದೇ ಹವಿಯೆ ಕುಲದವರು, ಕವಲು ಮಾತ್ರ ಬೇರೆ. ಬಂದರಿನ ಸುಂಕ ಹುಟ್ಟುವುದು ಅವಳ ಊರಿನಲ್ಲಿ, ಬಾಂಬು ಸಿಡಿಯುವುದೂ ಅಲ್ಲೇ. ಆದರೆ 2016ರಲ್ಲಿ ಮೇಲ್ಮನೆಯ 54 ಸ್ಥಾನ ಹಂಚಿದಾಗ ಮೊಗದಿಶು ಇರುವ ಬನಾದಿರ್ ಸೀಮೆಗೆ ಒಂದೂ ಬರಲಿಲ್ಲ, ಅದು ಯಾವ ರಾಜ್ಯಕ್ಕೂ ಸೇರಿಲ್ಲ ಎಂಬ ಕಾರಣಕ್ಕೆ. ಇದೂ ಅನ್ಯಾಯವೇ.

ಹಾಗಾದರೆ ಇಬ್ಬರದೂ ಖರೆ ಎಂದು ಬರೆದು ಪತ್ರ ಮುಗಿಸಬಹುದಿತ್ತು. ಆದರೆ ನಾನು ಹೋಗಿದ್ದದ್ದು ಹರ್ಗೇಸಾಕ್ಕೂ ಅಲ್ಲ, ಮೊಗದಿಶುವಿಗೂ ಅಲ್ಲ, ಬೈದೊವಾಕ್ಕೆ. ಅಲ್ಲಿ ನಿಂತು ನೋಡಿದವನಿಗೆ ಈ ಜಗಳ ಬೇರೆಯಾಗಿ ಕಾಣುತ್ತದೆ.

1993ರ ಕೊನೆಗೆ, ನೀನಿನ್ನೂ ಹುಟ್ಟಿರಲಿಲ್ಲ, ವಿಶ್ವಸಂಸ್ಥೆಯ ಕೆಲಸಕ್ಕೆ ಭಾರತ ಕಳಿಸಿದ 66ನೇ ಬ್ರಿಗೇಡಿನ ಜೊತೆ ನಾನು ಲಾರಿ ಚಾಲಕನಾಗಿ ಹೋದೆ. ನೀಲಿ ಟೊಪ್ಪಿಗೆ, ಬಿಳಿ ಬಣ್ಣ ಹೊಡೆದ ಲಾರಿ. ಬೈದೊವಾ ಸೀಮೆ ನೋಡಿದ ಮೊದಲ ದಿನ ನನಗೆ ನಮ್ಮ ರಾಯಚೂರೇ ಕಂಡಂತಾಯಿತು. ಜೂಬ್ಬಾ, ಶಬೆಲ್ಲೆ ಎಂಬ ಎರಡು ನದಿಗಳ ನಡುವಿನ ನೆಲ ಅದು, ನಮ್ಮ ದೋಆಬಿನ ಹಾಗೆ. ಹೊಲದ ತುಂಬ ಜೋಳ. ಅಲ್ಲಿಯವರು ರಹನ್ವೇನ್ ಕುಲದವರು, ದಿಗಿಲ್-ಮಿರಿಫ್ಲೆ ಎಂದೂ ಹೇಳುತ್ತಾರೆ. ಒಂಟೆ ಅಟ್ಟಿಕೊಂಡು ತಿರುಗುವ ಉಳಿದ ಸೊಮಾಲಿಗಳಿಗಿಂತ ಬೇರೆ, ದನ ಕಟ್ಟಿಕೊಂಡು ಹೊಲ ಮಾಡುವವರು. ಭಾಷೆಯೂ ಬೇರೆಯೇ, ಮಾಯ್ ಎನ್ನುತ್ತಾರೆ.

ಒಂದು ದಿನ ನೀರಿನ ಟ್ಯಾಂಕರ್ ಹೊಡೆದುಕೊಂಡು ಒಂದು ಸಣ್ಣ ಹಳ್ಳಿಗೆ ಹೋಗಿದ್ದೆ. ಜನ ಕೊಡ ತುಂಬುತ್ತಿದ್ದಾಗ ಒಬ್ಬ ಮುದುಕ ಬಂದು ನನ್ನ ತೋಳು ಹಿಡಿದು ಮನೆಯ ಹಿಂದಕ್ಕೆ ಕರೆದುಕೊಂಡು ಹೋದ. ನೆಲದಲ್ಲಿ ಒಂದು ದುಂಡನೆ ಕುಳಿ. ಬಾಯಿ ಸಣ್ಣದು, ಒಳಗೆ ಹೊಟ್ಟೆ ಅಗಲ, ಗೋಡೆಗೆ ಜೋಳದ ಕಣಿಕೆ ಒತ್ತಿದ ಗುರುತು. ನಾನು "ಹಗೇವು!" ಎಂದು ಕೂಗಿಬಿಟ್ಟೆ. ಅವರು ಬಕಾರ್ ಎನ್ನುತ್ತಾರೆ. ನಮ್ಮ ಹಳೆ ಮನೆಯ ಮುಂದೆ ಜೋಳ ತುಂಬಿಡುತ್ತಿದ್ದ ಹಗೇವನ್ನು ನೀನು ನೋಡಿಲ್ಲ, ನೀನು ಹುಟ್ಟುವ ಹೊತ್ತಿಗೆ ಮುಚ್ಚಿದ್ದರು. ಬಾಯಿಯ ಕಲ್ಲು ಸರಿಸಿ, ಒಳಗಿನ ಹಬೆ ಹೋಗಿ, ಕಂದೀಲು ಇಳಿಬಿಟ್ಟು ನೋಡುವ ತನಕ ನಿಮ್ಮಜ್ಜ ಯಾರನ್ನೂ ಒಳಗೆ ಇಳಿಸುತ್ತಿರಲಿಲ್ಲ. ಬರ ಬಂದರೆ ಆ ಹಗೇವೇ ಮನೆಯ ಜೀವ.

ಮುದುಕನ ಕುಳಿ ಬರಿದಾಗಿತ್ತು. ಅವನು ಬಗ್ಗಿ ಗೋಡೆ ಕೆರೆದು ನಾಲ್ಕೈದು ಕಾಳು ತೆಗೆದು ನನ್ನ ಅಂಗೈಯಲ್ಲಿ ಹಾಕಿದ, ಸುಟ್ಟು ಕರ್ರಗಾದ ಜೋಳ. ನಮ್ಮ ದುಭಾಷಿ ಮೊಗದಿಶುದವನು, ಅವನಿಗೆ ಮಾಯ್ ಸರಿಯಾಗಿ ತಿಳಿಯದು. ಊರಿನ ಹುಡುಗನೊಬ್ಬ ಮುದುಕನ ಮಾತನ್ನು ದುಭಾಷಿಗೆ ಹೇಳಿದ, ದುಭಾಷಿ ಇಂಗ್ಲಿಷಿನಲ್ಲಿ ಹವಾಲ್ದಾರರಿಗೆ ಹೇಳಿದ, ಅವರು ಹಿಂದಿಯಲ್ಲಿ ನನಗೆ ಹೇಳಿದರು. ಇಷ್ಟು ಬಾಯಿ ದಾಟಿ ನನಗೆ ಮುಟ್ಟಿದ್ದು ಇದು: ಮೊದಲು ಓಡಿಹೋಗುವವರು ಬಂದರು, ಆಮೇಲೆ ಅವರನ್ನು ಅಟ್ಟಿಸಿಕೊಂಡು ಬಂದವರು ಬಂದರು. ಬರೆಯ ಸೈನಿಕರು ಒಂದು ಸಲ, ಐದೀದನ ಸೈನಿಕರು ಇನ್ನೊಂದು ಸಲ. ಕಬ್ಬಿಣದ ಸಲಾಕೆಯಿಂದ ನೆಲ ಚುಚ್ಚಿ ಚುಚ್ಚಿ ಕುಳಿ ಹುಡುಕಿದರು. ಒಯ್ಯಲಾಗದ್ದಕ್ಕೆ ಬೆಂಕಿ ಹಚ್ಚಿದರು.

1992ರಲ್ಲಿ ಬೈದೊವಾದಲ್ಲಿ ದಿನಕ್ಕೆ ನೂರಾರು ಹೆಣ ಎತ್ತಿದ್ದು ಮಳೆ ಬಾರದ್ದಕ್ಕಷ್ಟೇ ಎಂದು ನಂಬಬೇಡ. ಬರ ಹಿಂದೆಯೂ ಬಂದಿತ್ತು, ಬಕಾರ್ ಕಾಯುತ್ತಿತ್ತು. ಈ ಸಲ ಕಾಳಿದ್ದವರ ಕೈಯಲ್ಲಿ ಬಂದೂಕು ಇರಲಿಲ್ಲ.

ಇನ್ನು ನಿನ್ನ ಗೆಳತಿಯರು ಕಿತ್ತಾಡಿದ 'ಅಫರ್ ಇಯೋ ಬರ್' ಲೆಕ್ಕ. ನಾಲ್ಕೂವರೆ ಎಂದರ್ಥ. ಸಂಸತ್ತಿನ ಸ್ಥಾನಗಳನ್ನು ಕುಲಗಳಿಗೆ ಹಂಚಲು 2000ದಲ್ಲಿ ನೆರೆದೇಶ ಜಿಬೂತಿಯ ಆರ್ತಾದಲ್ಲಿ ಕೂತು ಒಪ್ಪಿಕೊಂಡದ್ದು. ದಾರೋದ್, ಹವಿಯೆ, ದಿರ್, ದಿಗಿಲ್-ಮಿರಿಫ್ಲೆ, ಈ ನಾಲ್ಕಕ್ಕೆ ಸಮಪಾಲು. ಇಸಾಕ್ ಕುಲವನ್ನು ದಿರ್ ಲೆಕ್ಕಕ್ಕೆ ಸೇರಿಸುತ್ತಾರೆ, ಅದಕ್ಕೂ ನಿನ್ನ ಹರ್ಗೇಸಾದವಳು ಸಿಡಿದಿರಬೇಕು. ಉಳಿದವರೆಲ್ಲ ಸೇರಿ ಅರ್ಧ. 2004ರ 275 ಸ್ಥಾನಗಳ ಸಂಸತ್ತಿನಲ್ಲಿ ನಾಲ್ಕು ಕುಲಗಳಿಗೆ 61ರಂತೆ ಕೊಟ್ಟು, ಉಳಿದ ಎಲ್ಲರಿಗೂ 31 ಇಟ್ಟರು. ಆ ಮುದುಕನ ರಹನ್ವೇನರಿಗೆ ಪೂರ್ತಿ ಒಂದು ಪಾಲು ಸಿಕ್ಕಿದ್ದು ನನಗೆ ಸಂತೋಷದ ವಿಷಯ. 2012ರ ಸಂವಿಧಾನದಲ್ಲಿ ಅವರ ಮಾಯ್ ಮಾತಿನ ಹೆಸರೂ ಬಂತು. ಆದರೆ ನಾಲ್ಕೂವರೆ ಮಾಡಿದವರು ಜನಗಣತಿ ನೋಡಿ ಮಾಡಲಿಲ್ಲ. ಯಾರು ಮುನಿದರೆ ಮತ್ತೆ ಗುಂಡು ಹಾರುತ್ತದೋ ಅವರನ್ನು ಮೊದಲು ಕೂಡಿಸಿದರು.

ಕುಲ ಎಂದರೆ ನಮ್ಮ ಬೆಡಗಿನ ಹಾಗೆ ಎಂದು ನಾನು ಮೊದಲು ತಿಳಿದಿದ್ದೆ. ನಮ್ಮ ಪೂರ್ವಿಕರ ಹೆಸರು ಬೇಕೆಂದರೆ ಎತ್ತಿನ ಮೇಲೆ ಹೆಳವ ಬರಬೇಕು, ಚೋಪಡಿ ಬಿಚ್ಚಬೇಕು. ಅಲ್ಲಿ ಏಳೆಂಟು ವರ್ಷದ ಹುಡುಗನೇ ತನ್ನ ಅಪ್ಪ, ಅಜ್ಜ, ಮುತ್ತಜ್ಜ ಎಂದು ಇಪ್ಪತ್ತು ತಲೆಮಾರು ಒಂದೇ ಉಸಿರಿಗೆ ಹೇಳುತ್ತಾನೆ. ಒಬ್ಬನ ಕೈಯಲ್ಲಿ ಕೊಲೆಯಾದರೆ ನೂರು ಒಂಟೆಯ ದಂಡವನ್ನು ಇಡೀ ಬಳಗ ಕೂಡಿ ಕಟ್ಟುತ್ತದೆ. ಸರ್ಕಾರವೇ ಇಲ್ಲದ ನಾಡಿನಲ್ಲಿ ವಿಮೆ, ಕೋರ್ಟು, ಪೊಲೀಸು ಎಲ್ಲವೂ ಕುಲವೇ ಆಗಿತ್ತು. ಹೀಗಾಗಿ ಕುಲ ಬಿಡಿ ಎಂದು ಅವರಿಗೆ ಹೇಳುವುದು ನಮಗೆ ಸುಲಭ, ಅವರಿಗೆ ಸುಲಭವಲ್ಲ. ಆದರೆ ಆ ವಂಶದ ಮರದಲ್ಲಿ ಜಾಗವೇ ಇಲ್ಲದೆ 'ಅರ್ಧ'ದ ಲೆಕ್ಕಕ್ಕೆ ಬೀಳುವವರೂ ಅಲ್ಲಿದ್ದಾರೆ. ಚರ್ಮದ ಕೆಲಸದ, ಕಮ್ಮಾರಿಕೆಯ ಮನೆತನಗಳಿಗೆ ಉಳಿದವರು ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಇದನ್ನು ನಾನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಇನ್ನು ಜೂಬ್ಬಾ ದಂಡೆಯ ಬಂಟು ಜನ. ಹತ್ತೊಂಬತ್ತನೇ ಶತಮಾನದಲ್ಲಿ ತಾಂಜಾನಿಯಾ, ಮೊಜಾಂಬಿಕ್ ಕಡೆಯಿಂದ ಗುಲಾಮರಾಗಿ ತಂದವರ ಮಕ್ಕಳು. ಅವರನ್ನು 'ಜರೇರ್' ಎನ್ನುತ್ತಾರೆ, ಗುಂಗುರು ಕೂದಲಿನವರು ಎಂದು. ಹಂಗಿಸುವ ಮಾತು ಅದು. ನೀನು ಎಂದೂ ಬಾಯಲ್ಲಿ ತರಬೇಡ.

ಕಾಳು ಹಂಚುವ ದಿನ ನಾನು ಲಾರಿಯ ಮೇಲಿಂದ ಅವರನ್ನು ನೋಡಿದ್ದೇನೆ. ಹಿರಿಯರು ತಮ್ಮ ತಮ್ಮ ಕುಲದ ಪಟ್ಟಿ ಹಿಡಿದು ಮುಂದೆ ನಿಂತಿರುತ್ತಿದ್ದರು. ಪಟ್ಟಿ ಹಿಡಿಯಲು ಹಿರಿಯನಿಲ್ಲದ ಹೆಂಗಸರು ಬಿಸಿಲಲ್ಲಿ ಕೊನೆಗೆ ಕೂತಿರುತ್ತಿದ್ದರು. ಒಂದು ಸಲ ಅವರ ಸರದಿ ಬರುವ ಹೊತ್ತಿಗೆ ಲಾರಿಯಲ್ಲಿ ಉಳಿದದ್ದು ಹರಿದ ಚೀಲದಿಂದ ಸೋರಿದ ಕಾಳು. ಒಬ್ಬಾಕೆ ಒಂದು ಮಾತೂ ಆಡದೆ ಲಾರಿ ಹತ್ತಿ ಸೆರಗಿನಲ್ಲಿ ಅದನ್ನೇ ಗುಡಿಸಿಕೊಂಡಳು. ನಾನು ಇಳಿದು ನಿಂತೆ. ಪಟ್ಟಿಯ ಪ್ರಕಾರ ಅಂದು ಎಲ್ಲ ಸರಿಯಾಗಿಯೇ ಹಂಚಿತ್ತು.

ನಿನ್ನ ಆ ಮೂರನೆಯ ಹೆಂಗಸು ಕೀನ್ಯಾದ ದದಾಬ್ ಶಿಬಿರದಲ್ಲಿ ಬೆಳೆದವಳು, ಮೂಲ ಜೂಬ್ಬಾ ದಂಡೆ ಎಂದೆಯಲ್ಲ. 2003ರ ನಂತರ ಅಮೆರಿಕ ಕರೆಸಿಕೊಂಡ ಸುಮಾರು 12 ಸಾವಿರ ಬಂಟು ಜನರಲ್ಲಿ ಅವಳ ಮನೆಯವರೂ ಇದ್ದಿರಬಹುದು. ನಿನ್ನ ಗೆಳತಿಯರು ಪಾಲಿನ ಲೆಕ್ಕ ಮಾಡುವಾಗ 'ಅರ್ಧ' ಎಂಬ ಮಾತು ಎಷ್ಟು ಸಲ ಬಂದಿತೋ, ಅಷ್ಟು ಸಲ ಅದು ಅವಳ ಬಗ್ಗೆಯೇ ಆಡಿದ್ದು.

ತುಳಿಸಿಕೊಂಡವರ ಕಾಲ ಕೆಳಗೂ ಒಬ್ಬರು ಇರುತ್ತಾರೆ, ಶೈಲಾ. ಹರ್ಗೇಸಾದವರು ಮೊಗದಿಶುವಿನಿಂದ ಅನ್ಯಾಯವಾಯಿತು ಎಂದು ಬೇರೆಯಾದರು. ಅವರ ಗಡಿಯೊಳಗಿನ ಲಾಸ್ ಅನೋದ್ ಪಟ್ಟಣದವರು ನಮಗೆ ಹರ್ಗೇಸಾದಿಂದ ಅನ್ಯಾಯವಾಯಿತು ಎಂದು 2023ರಲ್ಲಿ ಎದ್ದು ನಿಂತರು. ತಿಂಗಳುಗಟ್ಟಲೆ ಕದನ ನಡೆದು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು. ಆ ಹೊತ್ತಿನಲ್ಲಿ ಹೊರದೇಶದಲ್ಲಿದ್ದವರಿಂದಲೂ ಹಣ ಹರಿಯಿತು. ಕುಲಕ್ಕೆಂದು ಎತ್ತುವ ಆ ವಂತಿಗೆಗೆ 'ಕಾರಾನ್' ಎನ್ನುತ್ತಾರೆ. ಆಸ್ಪತ್ರೆ ಕಟ್ಟುವುದೂ ಅದೇ ಹಣದಿಂದ. ಹೊರಗಿನವರು ವರ್ಷಕ್ಕೆ ನೂರು ಕೋಟಿ ಡಾಲರಿಗೂ ಹೆಚ್ಚು ಕಳಿಸುತ್ತಾರೆ, ಅದಿಲ್ಲದಿದ್ದರೆ ಎಷ್ಟೋ ಮನೆಗಳಲ್ಲಿ ಒಲೆ ಉರಿಯದು. ಅಮೆರಿಕದ ಬಫಲೋ ನಗರದಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡಿದ್ದ ಫರ್ಮಾಜೊ 2017ರಲ್ಲಿ ಆ ದೇಶದ ಅಧ್ಯಕ್ಷರೇ ಆದರು. ಹಾಗಾಗಿ ನಿಮ್ಮ ಊಟದ ಕೋಣೆಯ ಮಾತು ಅಲ್ಲಿಗೇ ಮುಗಿಯುತ್ತದೆ ಎಂದು ತಿಳಿಯಬೇಡ. ಮಿನಿಯಾಪೊಲಿಸ್‌ನಲ್ಲಿ ಆಡಿದ ಮಾತು ಸಂಜೆಗೆ ಸೊಮಾಲಿಯಾದ ಕಿಸ್ಮಾಯೊ ತಲುಪುತ್ತದೆ. ಆಡಿದವರು ಮರುದಿನ ಡ್ಯೂಟಿಗೆ ಹೋಗುತ್ತಾರೆ, ಅದರ ಬಿಸಿ ತಟ್ಟುವುದು ಅಲ್ಲಿ ಊರಲ್ಲಿ ಉಳಿದ ಅವರ ಚಿಕ್ಕಪ್ಪನ ಮಕ್ಕಳಿಗೆ.

ಪಾಲು ಕೇಳುವುದೇ ತಪ್ಪು ಎಂದು ಮಾತ್ರ ನಿನ್ನ ಗೆಳತಿಯರಿಗೆ ಹೇಳಬೇಡ. ನಮಗೆ ಆ ಮಾತು ಹೇಳುವ ಬಾಯಿಲ್ಲ. 2013ರಲ್ಲಿ ನಮ್ಮ ಸೀಮೆಯವರಿಗೆ ಸೀಟು, ನೌಕರಿಯಲ್ಲಿ ಪಾಲು ಕೊಡುವ ಸಂವಿಧಾನದ 371ಜೆ ಜಾರಿಯಾಗದಿದ್ದರೆ ಮರುವರ್ಷ ನಿನಗೆ ನರ್ಸಿಂಗ್ ಸೀಟು ಸಿಗುತ್ತಿತ್ತೇ? ಹಿಂದುಳಿದ ಸೀಮೆ ಎಂಬ ಲೆಕ್ಕದಲ್ಲೇ ನೀನು ಅಲ್ಲಿಗೆ ಮುಟ್ಟಿದ್ದು. ಆ ಸೀಟಿನ ಪಟ್ಟಿ ಬಂದ ದಿನ ನಮ್ಮೂರಿನಿಂದ ಅರ್ಜಿ ಹಾಕಲೂ ತಿಳಿಯದವರ ಮಗಳು ಯಾರು ಎಂದು ನಾನು ಕೇಳಲಿಲ್ಲ. ಪೇಡೆ ಹಂಚಿದೆ. ಬೈದೊವಾ ನೋಡಿ ಬಂದವನೇ ಹಾಗೆ ಮಾಡಿದೆ ಎನ್ನುವುದು ನನಗೆ ಈಗಲೂ ಚುಚ್ಚುತ್ತದೆ.

1994ರ ಆಗಸ್ಟಿನಲ್ಲಿ ನಮ್ಮವರ ಮೇಲೆ ಹೊಂಚುದಾಳಿಯಾಗಿ ಏಳು ಜವಾನರು ಹೋದರು. ಅದೇ ತಿಂಗಳ ಕೊನೆಗೆ ಬೈದೊವಾದಲ್ಲಿ ನಮ್ಮ ಮೂವರು ವೈದ್ಯರೂ ಜೀವ ಕಳೆದುಕೊಂಡರು. ಆ ವರ್ಷದ ಡಿಸೆಂಬರಿಗೆ ಹಡಗು ಹತ್ತಿ ಮರಳಿದೆವು. ಮುದುಕ ಕೊಟ್ಟ ಕಾಳನ್ನು ಪೇಬುಕ್ಕಿನಲ್ಲಿ ಮಡಚಿಕೊಂಡು ಬಂದಿದ್ದೆ, ನಿಮ್ಮವ್ವ ದೇವರ ಜಗಲಿಯ ಮೇಲೆ ಇಟ್ಟಿದ್ದಾಳೆ.

ಆ ಹೆಂಗಸಿನ ಜೊತೆ ಕೂತು ಒಂದು ದಿನ ಊಟ ಮಾಡು. ಯಾವ ಕುಲ ಎಂದು ಕೇಳಬೇಡ, ಅವಳಿಗೆ ಆ ಪ್ರಶ್ನೆ ಸಾಕಾಗಿರುತ್ತದೆ. ಅವರ ಅಪ್ಪ 'ಗು' ಮಳೆಗೆ ಏನು ಬಿತ್ತುತ್ತಿದ್ದರು, ಹೊಳೆದಂಡೆಯಲ್ಲೂ ಬಕಾರ್ ತೋಡುತ್ತಿದ್ದರೋ ಇಲ್ಲವೋ ಕೇಳು. ನನಗೆ ಆ ದಂಡೆಯ ಹಳ್ಳಿಗಳನ್ನು ನೋಡಲು ಆಗಲಿಲ್ಲ. ಮುಂದಿನ ತಿಂಗಳು ಪಕ್ಕದ ಮನೆಯ ಹುಡುಗ ಅಮೆರಿಕಕ್ಕೆ ಬರುವವನಿದ್ದಾನೆ, ನಿಮ್ಮವ್ವ ಮೂವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಡುತ್ತಾಳೆ. ಅವಳ ಪಾಲಿಗೆಂದು ಹತ್ತು ತೆಗೆದಿಡು. ಅದು ಜೋಳ ಎಂದು ನೀನು ಮೊದಲೇ ಹೇಳಬೇಡ. ಮುರಿದು ಬಾಯಿಗಿಟ್ಟಾಗ ಏನಂದಳು ಎಂದು ನನಗೆ ಬರೆ.

ಇಂತಿ ನಿನ್ನ
ಅಪ್ಪ