ಮಗಳಿಗೊಂದು ಪತ್ರ: ಬಾರ್ಬರಾ ಪ್ರವಿಯ ಮೂರು ನಿಮಿಷ

ಪುಟ್ಟಿ,

ನೀನೂ ಹಾಡು ಬರೆಯುವವಳಲ್ಲವೇ, ಅದಕ್ಕೇ ಫ್ರಾನ್ಸಿನ ಗಾಯಕಿ ಬಾರ್ಬರಾ ಪ್ರವಿಯ ಬಗ್ಗೆ ಹೇಳುತ್ತೇನೆ. ಅವಳು ರಾತ್ರೋರಾತ್ರಿ ಹೆಸರು ಮಾಡಿದವಳೆಂದು ನೀನು ನಂಬಬೇಡ. 1993ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಈ ಹುಡುಗಿ ಟಿವಿ ಸ್ಪರ್ಧೆಗೆ ನಿಲ್ಲುವ ಮೊದಲೇ ಬೇರೆಯವರಿಗೆ ಹಾಡು ಬರೆದು ಕೈ ಪಳಗಿಸಿಕೊಂಡಿದ್ದಳು. ಯೂರೋವಿಷನ್ ಎಂದರೆ ದೇಶಗಳ ನಡುವೆ ವರ್ಷವರ್ಷ ನಡೆಯುವ ಯುರೋಪಿನ ಟಿವಿ ಹಾಡಿನ ಸ್ಪರ್ಧೆ. ಮಕ್ಕಳ ಯೂರೋವಿಷನ್‌ನಲ್ಲಿ ಫ್ರಾನ್ಸಿನ ಕಾರ್ಲಾ 2019ರಲ್ಲಿ ಐದನೆಯವಳಾದಳು, 2020ರಲ್ಲಿ ವಾಲೆಂಟಿನಾ ಗೆದ್ದೇಬಿಟ್ಟಳು. ಆ ಎರಡು ಹಾಡುಗಳನ್ನು ಬರೆದವರಲ್ಲಿ ಬಾರ್ಬರಾಳೂ ಒಬ್ಬಳು.

2021ರ ಜನವರಿ 30ರಂದು ದೊಡ್ಡವರ ಯೂರೋವಿಷನ್‌ಗೆ ಫ್ರಾನ್ಸಿನ ಹಾಡನ್ನು ಆರಿಸಲು ಫ್ರಾನ್ಸ್ 2 ಚಾನೆಲ್ ನಡೆಸಿದ ಸ್ಪರ್ಧೆಯಲ್ಲಿ 12 ಸ್ಪರ್ಧಿಗಳಿದ್ದರು. ಅವಳು ಹಾಡಿದ್ದು 'ವೊಯ್ಲಾ'. ಇಜಿಟ್ ಮತ್ತು ಲಿಲಿ ಪೋ ಎಂಬ ಹಾಡುಬರಹಗಾರರ ಜತೆ ಸೇರಿ ತಾನೇ ಬರೆದ ಹಾಡು. ಅಲ್ಲಿ ಗೆದ್ದು ಮೇ 22ಕ್ಕೆ ರಾಟರ್‌ಡ್ಯಾಮ್‌ನ ಫೈನಲ್‌ನಲ್ಲಿ ನಿಂತಳು.

ನೀನು ಗಮನಿಸಬೇಕಾದದ್ದು ಆ ಹಾಡಿನ ಕಟ್ಟಣೆಯನ್ನು. ಯೂರೋವಿಷನ್‌ನಲ್ಲಿ ಹಾಡು 3 ನಿಮಿಷ ಮೀರುವಂತಿಲ್ಲ. 'ವೊಯ್ಲಾ' ಮೂರೆಣಿಕೆಯ ನಡೆಯಲ್ಲಿ, ಹತ್ತಿರ ಕೂತವರಿಗೆ ಮಾತಾಡಿದಷ್ಟು ಮೆಲ್ಲಗೆ ಶುರುವಾಗುತ್ತದೆ. ಕೊನೆಗೆ ಬರುವಾಗ ವೇಗ ಏರಿ ಗಿರಗಿರನೆ ತಿರುಗುತ್ತದೆ. ಮೊದಲ ಸಾಲಿನಲ್ಲೇ ದನಿಯೆಲ್ಲ ಸುರಿದುಬಿಟ್ಟಿದ್ದರೆ ಮೂರನೇ ನಿಮಿಷಕ್ಕೆ ಏರಲು ಎಲ್ಲಿರುತ್ತಿತ್ತು ಜಾಗ? ಸ್ಪರ್ಧೆಯ ಹಾಡುಗಳು ಹೆಚ್ಚಾಗಿ ಸೊರಗುವುದೇ ಇಲ್ಲಿ.

ಇನ್ನೊಂದು ತೊಡಕು ಟ್ರ್ಯಾಕ್‌ನದು. ಆ ವೇದಿಕೆಯಲ್ಲಿ ವಾದ್ಯಗಳೆಲ್ಲ ಮೊದಲೇ ಧ್ವನಿಮುದ್ರಿತ, ಮುಖ್ಯ ಗಾಯನ ಮಾತ್ರ ನೇರ. ಪಕ್ಕವಾದ್ಯದವರಾದರೆ ನಿನ್ನ ಉಸಿರು ನೋಡಿಕೊಂಡು ಅರೆಕ್ಷಣ ಕಾಯುತ್ತಾರೆ, ಟ್ರ್ಯಾಕ್ ಕಾಯುವುದಿಲ್ಲ. ವೇಗ ಏರಿದಂತೆ ಎರಡು ಸಾಲುಗಳ ನಡುವಿನ ಬಿಡುವು ಕಿರಿದಾಗುತ್ತದೆ. ಉಸಿರು ಎಲ್ಲಿ ಎಳೆಯಬೇಕೆಂದು ಬರೆಯುವಾಗಲೇ ಗುರುತು ಹಾಕಿಕೊಳ್ಳದಿದ್ದರೆ ಸಾಲಿನ ಕೊನೆಯ ಅಕ್ಷರ ನುಂಗಿಹೋಗುತ್ತದೆ, ಶ್ರುತಿಯೂ ಇಳಿಯುತ್ತದೆ. ಹಾಡುವವಳೇ ಬರೆದಾಗ ಇದು ಸುಲಭ: ತನ್ನ ಉಸಿರಿನ ಉದ್ದ ಅವಳಿಗೆ ಗೊತ್ತಿರುತ್ತದಲ್ಲ.

ವೇದಿಕೆಯ ಮೇಲೆ ಆರು ಜನರವರೆಗೆ ಇರಬಹುದು. ಅವಳು ಒಬ್ಬಳೇ ನಿಂತಳು. ಕಪ್ಪು ಉಡುಪು, ಒಂದೇ ಜಾಗ, ಸುತ್ತ ಕ್ಯಾಮೆರಾ. ಇದು ನನಗೆ ತುಂಬ ಹಿಡಿಸಿದ ತೀರ್ಮಾನ. ಹಾಡು 'ನನ್ನನ್ನು ನೋಡಿ, ಕೇಳಿ' ಎಂದು ಬೇಡುತ್ತಿರುವಾಗ ಹಿಂದೆ ಕುಣಿಯುವವರಿದ್ದರೆ ಕಣ್ಣು ಆ ಕಡೆ ಹೋಗುತ್ತಿತ್ತು.

ಅಂಕಗಳನ್ನೂ ಬಿಡಿಸಿ ನೋಡು. ತೀರ್ಪುಗಾರರಿಂದ 248, ಜನರಿಂದ 251, ಒಟ್ಟು 499, ಎರಡನೇ ಸ್ಥಾನ. ಗೆದ್ದ ಇಟಲಿಗೆ 524 ಬಂತು, ಅದರಲ್ಲಿ ಜನರದ್ದೇ 318. ತೀರ್ಪುಗಾರರ ಪಟ್ಟಿಯಲ್ಲಿ 267 ಪಡೆದು ಮೊದಲಿದ್ದ ಸ್ವಿಟ್ಜರ್ಲೆಂಡ್‌ಗೆ ಜನ ಕೊಟ್ಟದ್ದು 165, ಹಾಗಾಗಿ ಮೂರನೇ ಸ್ಥಾನ. ಬಾರ್ಬರಾ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿ ಒಪ್ಪಿಗೆಯಾದಳು. 1977ರ ಗೆಲುವಿನ ನಂತರ ಫ್ರಾನ್ಸ್‌ಗೆ ಎರಡನೇ ಸ್ಥಾನ ಅಪರೂಪ, ಬಾರ್ಬರಾಳಿಗೂ ಮುಂಚೆ ಅದು ಕೊನೆಯದಾಗಿ ದಕ್ಕಿದ್ದು 1991ರಲ್ಲಿ.

ಆಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಅದೇ ಆಗಸ್ಟ್‌ನಲ್ಲಿ ಮೊದಲ ಆಲ್ಬಮ್ ಬಂತು. 2022ರಲ್ಲಿ ಫ್ರಾನ್ಸಿನ ದೊಡ್ಡ ಸಂಗೀತ ಪ್ರಶಸ್ತಿ 'ವಿಕ್ಟ್ವಾರ್ ದ ಲಾ ಮ್ಯೂಸಿಕ್'ನಲ್ಲಿ ವರ್ಷದ ಹೊಸ ಗಾಯಕಿಯ ಗೌರವವೂ ಸಂದಿತು.

ನಿನ್ನ ಹಾಡನ್ನು ಗಡಿಯಾರ ಇಟ್ಟುಕೊಂಡು ಒಮ್ಮೆ ಹಾಡಿ ನೋಡು. ಮೂರು ನಿಮಿಷ ದಾಟಿದರೆ ಎರಡನೇ ಚರಣ ಕತ್ತರಿಸು, ಕೊನೆಯದನ್ನು ಮುಟ್ಟಬೇಡ. ಉಸಿರಿನ ಗುರುತು ಹಾಕಿದ ಹಾಳೆಯನ್ನು ಫೋಟೊ ತೆಗೆದು ನನಗೆ ಕಳಿಸು.

ಇಂತಿ ನಿನ್ನ
ಅಮ್ಮ