ಕೇಬಲ್ ಮನೆಗೆ ಬಾರದ ಪಂದ್ಯ: ಹಾಸನದ ಸಂಸದರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಸಂಸದರು,
ಹಾಸನ ಲೋಕಸಭಾ ಕ್ಷೇತ್ರ

ವಿಷಯ: 2007ರ ಕ್ರೀಡಾ ಪ್ರಸಾರ ಕಾಯ್ದೆಗೆ ತಿದ್ದುಪಡಿ ತರಲು ಸಂಸತ್ತಿನಲ್ಲಿ ಒತ್ತಾಯಿಸುವ ಕುರಿತು

ಮಾನ್ಯರೇ,

ಭಾರತ ತಂಡ ಆಡುವ ಏಕದಿನ ಪಂದ್ಯವನ್ನು ಬಡವ ಬಲ್ಲಿದರೆನ್ನದೆ ಎಲ್ಲರೂ ದೂರದರ್ಶನದಲ್ಲಿ ನೋಡುವಂತಾಗಬೇಕೆಂದು ನಮ್ಮ ಸಂಸತ್ತು 2007ರಲ್ಲಿ ಒಂದು ಕಾನೂನು ಮಾಡಿತು. ಆ ಕಾನೂನು ಇಂದಿಗೂ ಜಾರಿಯಲ್ಲಿದೆ. ಆದರೆ ಸಕಲೇಶಪುರದಲ್ಲೋ ಅರಸೀಕೆರೆಯಲ್ಲೋ ತಿಂಗಳು ತಿಂಗಳು ತಪ್ಪದೆ ಕೇಬಲ್ ಹಣ ಕಟ್ಟುವ ಮನೆಯೊಂದರಲ್ಲಿ, ಕ್ರೀಡಾ ಚಾನೆಲ್‌ಗಳ ಪ್ಯಾಕ್ ಹಾಕಿಸಿಲ್ಲವೆಂದಾದರೆ, ಪಂದ್ಯದ ದಿನ ದೂರದರ್ಶನದ ಚಾನೆಲ್ ಹಾಕಿದರೂ ಪಂದ್ಯ ಬರುವುದಿಲ್ಲ. ಅದರ ಜಾಗದಲ್ಲಿ ಬೇರೇನೋ ಕಾರ್ಯಕ್ರಮ ಬರುತ್ತದೆ, ಇಲ್ಲವೇ ಪಂದ್ಯ ದೂರದರ್ಶನದ ಉಚಿತ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಮಾತ್ರ ಲಭ್ಯ ಎಂಬ ಸೂಚನೆ ಕಾಣುತ್ತದೆ. ಕೇಬಲ್‌ನವರನ್ನು ಕೇಳಿದರೆ ತಮ್ಮ ಕೈಯಲ್ಲಿ ಏನೂ ಇಲ್ಲವೆನ್ನುತ್ತಾರೆ. ಅವರು ಹೇಳುವುದು ನಿಜ. ಇದನ್ನು ಸರಿಪಡಿಸುವ ಅಧಿಕಾರ ಇರುವುದು ತಾವು ಕುಳಿತಿರುವ ಸದನಕ್ಕೆ. ಆದುದರಿಂದಲೇ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ಕಾಯ್ದೆಯ ಹೆಸರು ಕ್ರೀಡಾ ಪ್ರಸಾರ ಸಂಕೇತಗಳ (ಪ್ರಸಾರ ಭಾರತಿಯೊಂದಿಗೆ ಕಡ್ಡಾಯ ಹಂಚಿಕೆ) ಕಾಯ್ದೆ. ಕೇಂದ್ರ ಸರ್ಕಾರ ‘ರಾಷ್ಟ್ರೀಯ ಮಹತ್ವದ ಕ್ರೀಡಾಕೂಟ’ ಎಂದು ಅಧಿಸೂಚಿಸಿದ ಯಾವುದೇ ಪಂದ್ಯವನ್ನು ಖಾಸಗಿ ವಾಹಿನಿಯೊಂದು ಕೇಬಲ್ ಅಥವಾ ಡಿಟಿಎಚ್ (ಉಪಗ್ರಹದಿಂದ ನೇರವಾಗಿ ಮನೆಯ ಡಿಶ್‌ಗೆ ಬರುವ ಪ್ರಸಾರ) ಮೂಲಕ ನೇರ ಪ್ರಸಾರ ಮಾಡುವಾಗ, ತನ್ನ ಜಾಹೀರಾತುಗಳನ್ನು ಹೊರತುಪಡಿಸಿದ ಸಂಕೇತವನ್ನು (ಸಿಗ್ನಲ್) ಅದೇ ಹೊತ್ತಿಗೆ, ದೂರದರ್ಶನ ಮತ್ತು ಆಕಾಶವಾಣಿಗಳನ್ನು ನಡೆಸುವ ಪ್ರಸಾರ ಭಾರತಿಗೂ ಕೊಡಬೇಕೆಂದು ಅದರ 3ನೇ ಕಲಮು ಹೇಳುತ್ತದೆ. ಪ್ರಸಾರ ಭಾರತಿ ತಾನು ಸಂಗ್ರಹಿಸಿದ ಜಾಹೀರಾತು ಹಣವನ್ನೆಲ್ಲ ಇಟ್ಟುಕೊಳ್ಳುವಂತೆಯೂ ಇಲ್ಲ. ಟಿವಿ ಪ್ರಸಾರವಾದರೆ ಅದರಲ್ಲಿ ಕನಿಷ್ಠ ಶೇ 75 ಭಾಗ ಹಕ್ಕುದಾರರಿಗೆ ಸಲ್ಲಬೇಕು, ರೇಡಿಯೊ ಆದರೆ ಸಮಪಾಲು. ಇಲ್ಲಿಯವರೆಗೆ ಕಾನೂನು ನ್ಯಾಯವಾಗಿಯೇ ಇದೆ. ತೊಡಕಿರುವುದು ಅದೇ ಕಲಮಿನ ಒಂದು ಮಾತಿನಲ್ಲಿ. ಹಾಗೆ ಪಡೆದ ಸಂಕೇತವನ್ನು ಪ್ರಸಾರ ಭಾರತಿ ‘ತನ್ನ ಭೂ ಪ್ರಸಾರ ಜಾಲ ಮತ್ತು ಡಿಟಿಎಚ್ ಜಾಲ’ಗಳಲ್ಲಿ ಮರುಪ್ರಸಾರ ಮಾಡಬಹುದು ಎಂದಿದೆ. ಕೇಬಲ್ ಕಾಯ್ದೆಯ 8ನೇ ಕಲಮಿನ ಪ್ರಕಾರ ಪ್ರತಿಯೊಬ್ಬ ಕೇಬಲ್ ಆಪರೇಟರ್ ದೂರದರ್ಶನದ ಚಾನೆಲ್‌ಗಳನ್ನು ಕಡ್ಡಾಯವಾಗಿ ತೋರಿಸಲೇಬೇಕು; ಆದರೂ ಈ ಸಂಕೇತ ಆ ದಾರಿಯಲ್ಲಿ ಕೇಬಲ್‌ಗೆ ಹೋಗುವಂತಿಲ್ಲವೆಂದು ದೆಹಲಿ ಹೈಕೋರ್ಟ್ 2015ರಲ್ಲಿ ಹೇಳಿತು, ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಅದನ್ನೇ ಎತ್ತಿಹಿಡಿಯಿತು. ನ್ಯಾಯಾಲಯ ಕಾನೂನಿನಲ್ಲಿ ಬರೆದುದನ್ನು ಓದಿತು. ಬರೆದುದನ್ನು ತಿದ್ದಬೇಕಾದವರು ಸಂಸದರು.

ತೀರ್ಪು ಬಂದ ಮೇಲೆ ಇನ್ನೊಂದು ಬದಲಾವಣೆಯೂ ಆಗಿದೆ, ಅದರ ಕಡೆಗೆ ಯಾರೂ ಅಷ್ಟಾಗಿ ಗಮನ ಕೊಟ್ಟಂತಿಲ್ಲ. ಕಾನೂನು ಹೆಸರಿಸಿದ ಎರಡು ದಾರಿಗಳಲ್ಲಿ ಒಂದಾದ ಭೂ ಪ್ರಸಾರ, ಅಂದರೆ ಮನೆಯ ಮೇಲೆ ಆಂಟೆನಾ ಕಟ್ಟಿ ಹಿಡಿಯುತ್ತಿದ್ದ ಹಳೆಯ ಪ್ರಸಾರ, ಈಗ ಇಲ್ಲವೆಂದೇ ಹೇಳಬೇಕು. ಗಡಿಯಂಥ ಆಯಕಟ್ಟಿನ ಕೆಲವು ಜಾಗಗಳನ್ನು ಬಿಟ್ಟರೆ ದೇಶದ ಉಳಿದೆಡೆಯ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಪ್ರಸಾರ ಭಾರತಿ 2022ರ ವೇಳೆಗೆ ಹಂತ ಹಂತವಾಗಿ ಮುಚ್ಚಿತು. ಉಳಿದಿರುವುದು ಡಿಡಿ ಫ್ರೀ ಡಿಶ್ ಒಂದೇ. ಕೆರೆಯ ನೀರು ಊರಿಗೆಲ್ಲ ಸೇರಿದ್ದೆಂದು ದಾಖಲೆಯಲ್ಲಿ ಬರೆದು, ಇದ್ದ ಎರಡು ತೂಬುಗಳಲ್ಲಿ ಒಂದನ್ನು ಮುಚ್ಚಿ, ಇನ್ನೊಂದರ ಕೆಳಗೆ ಗದ್ದೆ ಇರುವವರಿಗೆ ಮಾತ್ರ ನೀರು ಬಿಟ್ಟ ಹಾಗಾಯಿತು.

ಇದರಲ್ಲಿ ನಮ್ಮ ಜಿಲ್ಲೆಯವರಿಗೆ ತಟ್ಟಬೇಕಾದ ಸಂಗತಿಯೊಂದಿದೆ. ದೇಶದ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಕಕ್ಷೆಯಲ್ಲಿ ಕಾಯ್ದುಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದಲೂ ಹಾಸನದಲ್ಲಿದೆ. ಫ್ರೀ ಡಿಶ್ ಚಾನೆಲ್‌ಗಳನ್ನು ಹೊತ್ತ ಜಿಸ್ಯಾಟ್-15 ಉಪಗ್ರಹವೂ ಈ ಕೇಂದ್ರದ ಕೈಯಲ್ಲೇ ಇದೆ. ಉಪಗ್ರಹವನ್ನು ಕಾಯುವ ಊರಿನಲ್ಲೇ, ಆ ಉಪಗ್ರಹ ಹೊತ್ತು ತರುವ ಪಂದ್ಯವನ್ನು ನೋಡಲು ಜನ ಹೋಟೆಲಿನ ಟಿವಿ ಹುಡುಕಿಕೊಂಡು ಹೋಗಬೇಕಾಗಿದೆ.

ಹಾಗಾದರೆ ಒಂದೆರಡು ಸಾವಿರ ರೂಪಾಯಿ ಕೊಟ್ಟು ಫ್ರೀ ಡಿಶ್ ಹಾಕಿಸಿಕೊಳ್ಳಬಾರದೇಕೆ ಎಂದು ಅಧಿಕಾರಿಗಳು ಕೇಳಬಹುದು. ಹಾಕಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ತಿಂಗಳ ಬಾಡಿಗೆಯಿಲ್ಲದ ಈ ಸೇವೆ ತೋಟದ ಲೈನ್ ಮನೆಗಳಿಗೆ ದೊಡ್ಡ ಉಪಕಾರವನ್ನೇ ಮಾಡಿದೆ. ಆದರೆ ಧಾರಾವಾಹಿಗಾಗಿಯೋ ಸುದ್ದಿಗಾಗಿಯೋ ಈಗಾಗಲೇ ಕೇಬಲ್ ಅಥವಾ ಖಾಸಗಿ ಡಿಶ್ ಇಟ್ಟುಕೊಂಡ ಮನೆಯವರು, ವರ್ಷಕ್ಕೆ ನಾಲ್ಕಾರು ಪಂದ್ಯ ನೋಡುವುದಕ್ಕೋಸ್ಕರ ಸೂರಿನ ಮೇಲೆ ಎರಡನೆಯ ಡಿಶ್ ಕೂರಿಸಿ ಎರಡನೆಯ ಪೆಟ್ಟಿಗೆ ತರಬೇಕೆನ್ನುವುದು ವಿವೇಕದ ಮಾತಲ್ಲ. ಸಿಲ್ವರ್ ಓಕ್ ಮರಗಳ ನಡುವೆ ಡಿಶ್‌ಗೆ ಬಯಲು ಸಿಗುವ ಜಾಗ ಹುಡುಕುವ ಕಷ್ಟ ಮಲೆನಾಡಿನಲ್ಲಿ ಬೇರೆಯೇ ಇದೆ.

ನಾನು ಮಾತನಾಡುತ್ತಿರುವುದು ಕ್ರಿಕೆಟ್ಟನ್ನೇ ಉಸಿರಾಡುವವರ ಪರವಾಗಿ ಅಲ್ಲ ಎಂಬುದನ್ನು ತಾವು ಗಮನಿಸಬೇಕೆಂದು ಕೋರುತ್ತೇನೆ. ಅಂಥವರು ಹೇಗಾದರೂ ಮಾಡಿ ಚಂದಾ ಕಟ್ಟುತ್ತಾರೆ, ಕಟ್ಟಿದ್ದಕ್ಕೆ ತಕ್ಕಷ್ಟು ನೋಡುತ್ತಾರೆ. ನನ್ನ ಮಾತು ಬಿಡುವಿದ್ದಾಗ, ಮನಸ್ಸಾದಾಗ ನೋಡುವವರದು: ಕಾಫಿ ಕೊಯ್ಲು ಮುಗಿದ ಸಂಜೆ ಸ್ಕೋರ್ ಎಷ್ಟೆಂದು ಕೇಳುವ ಆಳುಗಳು, ಮೊಮ್ಮಕ್ಕಳ ಪಕ್ಕದಲ್ಲಿ ಕುಳಿತು ಹತ್ತು ಓವರ್ ನೋಡಿ ಎದ್ದುಹೋಗುವ ಅಜ್ಜಿ, ವಿಶ್ವಕಪ್ ಬಂದಾಗ ಮಾತ್ರ ಹಾಕಿಯ ನೆನಪಾಗುವ ಗುಮಾಸ್ತರು. ಪ್ರೇಕ್ಷಕರಲ್ಲಿ ಹೆಚ್ಚಿನವರು ಇವರೇ ಎಂಬುದು ನನ್ನ ಎಣಿಕೆ. ಇಂದಿನ ಪ್ರಸಾರದ ಲೆಕ್ಕಾಚಾರ ಮಾತ್ರ ಇವರನ್ನು ಬಿಟ್ಟೇ ನಡೆದಿದೆ. ಅಲ್ಲಿ ಸಿಗುವುದು ತಿಂಗಳದೋ ಮೂರು ತಿಂಗಳದೋ ಇಡೀ ವರ್ಷದ್ದೋ ಚಂದಾ. ಇಂದಿನ ಒಂದು ಪಂದ್ಯ ಸಾಕು ಎನ್ನುವವನಿಗೆ ಅವನ ಅಳತೆಯ ಟಿಕೆಟ್ ಸಿಗುವುದು ಅಪರೂಪ. ಭಾರತದ ಒಂದು ಸರಣಿ ಒಂದು ಕಂಪನಿಯ ಬಳಿ, ಮುಂದಿನ ವಿದೇಶ ಪ್ರವಾಸ ಇನ್ನೊಂದರ ಬಳಿ; ಕೆಲವೊಮ್ಮೆ ಒಂದೇ ಸರಣಿಯ ಟಿವಿ ಪ್ರಸಾರ ಒಬ್ಬರದು, ಮೊಬೈಲ್ ಪ್ರಸಾರ ಮತ್ತೊಬ್ಬರದು. ಯಾವುದು ಎಲ್ಲಿ ಬರುತ್ತದೆಂದು ಹುಡುಕುವಷ್ಟರಲ್ಲಿ ಟಾಸ್ ಮುಗಿದು ಅರ್ಧದಷ್ಟು ವಿಕೆಟ್‌ಗಳು ಬಿದ್ದಿರುತ್ತವೆ.

ಐಪಿಎಲ್ ವಿಚಾರವನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಅದು ರಾಷ್ಟ್ರೀಯ ಮಹತ್ವದ ಪಟ್ಟಿಯಲ್ಲಿಲ್ಲ, ಇರಬೇಕೆಂದು ನಾನು ಕೇಳುವುದೂ ಇಲ್ಲ. ಅದು ವ್ಯಾಪಾರಿ ಟೂರ್ನಿ, ಅದಕ್ಕೆ ದರ ವಿಧಿಸುವ ಹಕ್ಕು ಅದನ್ನು ಕೊಂಡವರಿಗಿದೆ. 2023ರಿಂದ 2027ರವರೆಗಿನ ಐದು ವರ್ಷಗಳ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹರಾಜಾಯಿತೆಂದ ಮೇಲೆ, ಆ ಹಣ ಎಲ್ಲಿಂದಲಾದರೂ ವಾಪಸು ಬರಲೇಬೇಕು. ಆದರೆ ಅದು ವಾಪಸು ಬಂದ ಬಗೆಯನ್ನು ನೋಡಿ. 2023 ಮತ್ತು 2024ರಲ್ಲಿ ಮೊಬೈಲಿನಲ್ಲಿ ಪಂದ್ಯಗಳನ್ನು ಪೂರ್ತಿ ಉಚಿತವಾಗಿ ತೋರಿಸಲಾಯಿತು. 2024ರ ನವೆಂಬರ್‌ನಲ್ಲಿ ಎರಡು ದೊಡ್ಡ ಪ್ರಸಾರ ಸಂಸ್ಥೆಗಳು ಒಂದಾದವು, 2025ರ ಫೆಬ್ರವರಿಯಲ್ಲಿ ಅವುಗಳ ಎರಡು ಆ್ಯಪ್‌ಗಳು ಸೇರಿ ಜಿಯೊಹಾಟ್‌ಸ್ಟಾರ್ ಆಯಿತು, ಆ ವರ್ಷದ ಐಪಿಎಲ್ ಚಂದಾದಾರರ ಪಾಲಾಯಿತು. ಮೊಬೈಲಿಗೆ ಮಾತ್ರ ಸೀಮಿತವಾದ, ಜಾಹೀರಾತು ಸಹಿತ ಯೋಜನೆ ಆಗ ಮೂರು ತಿಂಗಳಿಗೆ 149 ರೂಪಾಯಿಯಿಂದ ಶುರುವಾಗಿತ್ತು. ಮೊತ್ತ ದೊಡ್ಡದಲ್ಲ ಎನ್ನುವವರಿಗೆ ಒಂದು ಮಾತು: ಆ 149ರ ಹಿಂದೆ ಸ್ಮಾರ್ಟ್‌ಫೋನ್ ಇದೆ, 2024ರ ಜುಲೈನಲ್ಲಿ ಏರಿದ ರೀಚಾರ್ಜ್ ದರ ಇದೆ, ಎರಡನೇ ಇನಿಂಗ್ಸ್ ಮುಗಿಯುವ ಮೊದಲೇ ಖಾಲಿಯಾಗುವ ದಿನದ ಡೇಟಾ ಇದೆ, ಮಳೆ ಬಿದ್ದೊಡನೆ ಕರೆಂಟಿನ ಜೊತೆಗೇ ಹೋಗುವ ಟವರ್ ಇದೆ. ಕಾಫಿ ಹೂವಿಗೆ ಬೇಕಾದ ಮಾರ್ಚ್–ಏಪ್ರಿಲ್ ಮಳೆಯೂ ಐಪಿಎಲ್ಲೂ ಒಟ್ಟಿಗೇ ಬರುತ್ತವೆ. ಬೆಳೆಗಾರನಾಗಿ ನಾನು ಮಳೆಯ ಪಕ್ಷವೇ, ಅದು ಬೇರೆ ಮಾತು. 2025ರ ಜೂನ್ 3ರಂದು ಬೆಂಗಳೂರಿನ ತಂಡ ಹದಿನೆಂಟನೇ ಆವೃತ್ತಿಯಲ್ಲಿ ಮೊದಲ ಬಾರಿಗೆ ಕಪ್ ಗೆದ್ದ ರಾತ್ರಿ, ಅದೊಂದೇ ಪಂದ್ಯ ನೋಡಿದರೆ ಸಾಕೆಂದಿದ್ದವರು ನಮ್ಮ ಕಡೆ ಎಷ್ಟು ಮಂದಿಯೋ! ಅವರಿಗೆ ಉಚಿತ ಪ್ರಸಾರ ಬೇಡ. ಒಂದು ಪಂದ್ಯಕ್ಕೆ ಒಂದು ಪಂದ್ಯದ ದರ ಇದ್ದಿದ್ದರೆ ಸಾಕಿತ್ತು. ಟಿವಿ ಚಾನೆಲ್‌ಗಳ ವಿಚಾರದಲ್ಲಾದರೆ, 19 ರೂಪಾಯಿಗಿಂತ ಹೆಚ್ಚು ಬೆಲೆಯ ಚಾನೆಲನ್ನು ಗುಚ್ಛಕ್ಕೆ ಸೇರಿಸುವಂತಿಲ್ಲ, ಪ್ರತಿ ಚಾನೆಲನ್ನೂ ಬಿಡಿಯಾಗಿ ಕೊಳ್ಳಲು ಅವಕಾಶವಿರಬೇಕು ಎಂಬ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮಗಳಿವೆ. ಆ್ಯಪ್‌ಗಳ ದರಕ್ಕೆ ಅಂಥ ಯಾವ ಅಂಕುಶವೂ ಇಲ್ಲ.

ಆ್ಯಪ್‌ಗಳಿಂದ ಇನ್ನೂ ದೊಡ್ಡ ಅಪಾಯವಿರುವುದು ಮೂಲ ಕಾಯ್ದೆಗೇ. ‘ಕೇಬಲ್ ಅಥವಾ ಡಿಟಿಎಚ್’ ಮೂಲಕ ನೇರ ಪ್ರಸಾರ ಮಾಡುವವರು ಸಂಕೇತ ಹಂಚಿಕೊಳ್ಳಬೇಕೆಂದು 3ನೇ ಕಲಮಿನಲ್ಲಿದೆಯೇ ಹೊರತು ಅಂತರ್ಜಾಲದ ಮಾತೇ ಅಲ್ಲಿಲ್ಲ. ನಾಳೆ ಯಾವುದೋ ಕಂಪನಿ ಭಾರತದ ಪಂದ್ಯವೊಂದನ್ನು ಟಿವಿಗೆ ಕೊಡದೆ ಆ್ಯಪ್‌ನಲ್ಲಷ್ಟೇ ತೋರಿಸಿದರೆ, ಹಂಚಿಕೊಳ್ಳುವ ಹೊಣೆ ಅದಕ್ಕೆ ಅನ್ವಯಿಸುತ್ತದೆಂದು ಕಾಯ್ದೆಯ ಪದಗಳಿಂದ ಹೇಳಲಾಗದು. 2007ರಲ್ಲಿ ಈ ಸ್ಥಿತಿಯನ್ನು ಯಾರೂ ಊಹಿಸಿರಲಿಲ್ಲ, ಅದಕ್ಕೆ ಅಂದಿನವರನ್ನು ದೂರುವುದು ಸರಿಯಲ್ಲ. ಇಂದು ಊಹಿಸುವ ಅಗತ್ಯವೇ ಇಲ್ಲದಷ್ಟು ಅದು ಹತ್ತಿರ ಬಂದಿದೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲೂ ನಮ್ಮಂತೆಯೇ ಸಂರಕ್ಷಿತ ಕ್ರೀಡಾಕೂಟಗಳ ಪಟ್ಟಿಯಿದ್ದು, ಎರಡೂ ದೇಶಗಳು 2024ರಲ್ಲಿ ತಮ್ಮ ಕಾನೂನನ್ನು ತಿದ್ದಿ ಅಂತರ್ಜಾಲ ಪ್ರಸಾರವನ್ನೂ ಅದರ ವ್ಯಾಪ್ತಿಗೆ ತಂದವು.

ನಮ್ಮ ಸರ್ಕಾರಕ್ಕೂ ಈ ಕೊರತೆ ತಿಳಿಯದುದೇನಲ್ಲ. ದೂರದರ್ಶನವನ್ನು ಕಡ್ಡಾಯವಾಗಿ ತೋರಿಸಬೇಕಾದ ಇತರ ಜಾಲಗಳಲ್ಲೂ ಪಂದ್ಯ ಬರುವಂತೆ 3ನೇ ಕಲಮಿಗೆ ಕೆಲವು ಪದ ಸೇರಿಸುವ ಕರಡು ತಿದ್ದುಪಡಿಯನ್ನು ವಾರ್ತಾ ಮತ್ತು ಪ್ರಸಾರ ಸಚಿವಾಲಯ 2018ರ ಅಕ್ಟೋಬರ್‌ನಲ್ಲೇ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಅದು ಕಾನೂನಾಗಲಿಲ್ಲ. ಪ್ರಸಾರ ಸೇವೆಗಳನ್ನೆಲ್ಲ ಒಂದೇ ಕಾನೂನಿನಡಿ ತರುವ 2023ರ ಕರಡು ಮಸೂದೆಯೂ ಬೇರೆ ಬೇರೆ ಆಕ್ಷೇಪಗಳಿಗೆ ಸಿಕ್ಕಿ ಹಿಂದೆ ಸರಿಯಿತು. ಆ ದೊಡ್ಡ ಮಸೂದೆಗಾಗಿ ಈ ಸಣ್ಣ ತಿದ್ದುಪಡಿ ಕಾದು ಕೂರಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಹಕ್ಕುದಾರರ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಕೇಬಲ್‌ನಲ್ಲೇ ದೂರದರ್ಶನ ಪಂದ್ಯ ತೋರಿಸಿದರೆ ತಮ್ಮ ಚಾನೆಲ್‌ಗೆ ಯಾರು ಹಣ ಕೊಡುತ್ತಾರೆ, ಹಾಗೆ ಹಕ್ಕಿನ ಬೆಲೆ ಕುಸಿದರೆ ದೇಶೀಯ ಕ್ರೀಡೆಗೆ ಹಣ ಎಲ್ಲಿಂದ ಬರುತ್ತದೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ಸಾಧುವೇ. ಆದರೆ ಕ್ರೀಡಾ ಚಾನೆಲ್ ಇಟ್ಟುಕೊಂಡವರು ಕನ್ನಡ ಕಾಮೆಂಟರಿಗಾಗಿ, ಒಳ್ಳೆಯ ಚಿತ್ರಕ್ಕಾಗಿ, ವರ್ಷವಿಡೀ ಬರುವ ಇತರ ಪಂದ್ಯಗಳಿಗಾಗಿ ಅದನ್ನು ಉಳಿಸಿಕೊಳ್ಳುತ್ತಾರೆ. ಅಪರೂಪಕ್ಕೆ ನೋಡುವವನು ಇಂದೂ ಅವರ ಗ್ರಾಹಕನಲ್ಲ. ಪಂದ್ಯ ಬಾರದಿದ್ದರೆ ಅವನು ಪ್ಯಾಕ್ ಹಾಕಿಸುವುದಿಲ್ಲ, ನೋಡುವುದನ್ನೇ ಬಿಡುತ್ತಾನೆ. ಅವನು ದೂರದರ್ಶನದಲ್ಲಿ ನೋಡಿದರೆ ಜಾಹೀರಾತಿನ ಮುಕ್ಕಾಲು ಪಾಲಾದರೂ ಹಕ್ಕುದಾರರಿಗೇ ಸೇರುತ್ತದೆ. ತರಂಗಾಂತರಗಳು ಸಾರ್ವಜನಿಕರ ಸ್ವತ್ತೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ್ದೂ ಕ್ರಿಕೆಟ್ ಪ್ರಸಾರದ ವ್ಯಾಜ್ಯವೊಂದರಲ್ಲೇ.

ಕ್ರೀಡಾಪಟುಗಳನ್ನು ಕೊಟ್ಟ ನೆಲ ತಮ್ಮ ಕ್ಷೇತ್ರ. ಜಾವಗಲ್ ಎಂಬ ಊರಿನ ಹೆಸರನ್ನು ಜಗತ್ತಿನ ಮೈದಾನಗಳಿಗೆಲ್ಲ ಕೊಂಡೊಯ್ದ ಶ್ರೀನಾಥ್, ಅರಸೀಕೆರೆಯಲ್ಲಿ ಹುಟ್ಟಿ ಭಾರತಕ್ಕೆ ಟೆಸ್ಟ್ ಆಡಿದ ಡೇವಿಡ್ ಜಾನ್ಸನ್, ಜಿಲ್ಲೆ ಚಿಕ್ಕಮಗಳೂರಾದರೂ ಲೋಕಸಭೆಗೆ ನಮ್ಮೊಂದಿಗೇ ಮತ ಹಾಕುವ ಕಡೂರಿನ ವೇದಾ ಕೃಷ್ಣಮೂರ್ತಿ. ವೇದಾ 2017ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ 35 ರನ್ ಗಳಿಸಿದ್ದರು, ಭಾರತ 9 ರನ್ನಿನಿಂದ ಸೋತಿತು. ಕಡೂರಿನ ಇನ್ನೊಬ್ಬ ಹುಡುಗಿ ಬ್ಯಾಟ್ ಹಿಡಿಯಬೇಕಾದರೆ ಮೊದಲು ಆಟ ಅವಳ ಕಣ್ಣಿಗೆ ಬೀಳಬೇಕು, ಅದೂ ಯಾರೂ ಚಂದಾ ಕಟ್ಟದ ಮನೆಯಲ್ಲಿ, ಆಕಸ್ಮಿಕವಾಗಿ.

ಆದುದರಿಂದ ತಾವು ವಾರ್ತಾ ಮತ್ತು ಪ್ರಸಾರ ಸಚಿವರಿಗೆ ಸದನದಲ್ಲಿ ಪ್ರಶ್ನೆ ಹಾಕಿ, 2018ರ ಕರಡು ಈಗ ಯಾವ ಹಂತದಲ್ಲಿದೆ ಎಂಬುದಕ್ಕೆ ಲಿಖಿತ ಉತ್ತರ ಪಡೆಯಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ ಲೋಕಸಭೆಯ ನಿಯಮ 377ರಡಿ ವಿಷಯ ಪ್ರಸ್ತಾಪಿಸಿ, ಶುಕ್ರವಾರದ ಕಲಾಪದಲ್ಲಿ ಖಾಸಗಿ ಸದಸ್ಯರ ಮಸೂದೆಯನ್ನೇ ಮಂಡಿಸಬೇಕೆಂದು ವಿನಂತಿಸುತ್ತೇನೆ. ಅಂಥ ಮಸೂದೆ ಗೆಲ್ಲುವುದು ಬಲು ಅಪರೂಪವೆಂದು ಬಲ್ಲೆ. ಅದು ಚರ್ಚೆಗೆ ಬಂದರೆ ಸಚಿವರು ಉತ್ತರವನ್ನಾದರೂ ಕೊಡಬೇಕಾಗುತ್ತದೆ. ಅದರಲ್ಲಿ ಕೇಬಲ್ ಮತ್ತು ಖಾಸಗಿ ಡಿಟಿಎಚ್ ಸೇರಬೇಕು, ಅಂತರ್ಜಾಲ ಪ್ರಸಾರ ಸೇರಬೇಕು, ರಾಷ್ಟ್ರೀಯ ಮಹತ್ವದ ಪಟ್ಟಿಯನ್ನು ಪರಿಷ್ಕರಿಸುವಾಗಲೆಲ್ಲ ಮಹಿಳಾ ತಂಡದ ಪಂದ್ಯಗಳಿಗೂ ಪುರುಷರದಷ್ಟೇ ಸ್ಥಾನ ಸಿಗಬೇಕು. ಪಟ್ಟಿಯ ಹೊರಗಿನ ಪಂದ್ಯಗಳಿಗೆ ಬಿಡಿ ಟಿಕೆಟ್ ಇರಬೇಕೆಂಬ ನಿಯಮದ ಬಗ್ಗೆ ಸರ್ಕಾರ ಟ್ರಾಯ್‌ನ ಅಭಿಪ್ರಾಯ ಕೇಳಲಿ.

ಇಷ್ಟಕ್ಕೆಲ್ಲ ಕಾಲ ಹಿಡಿಯುತ್ತದೆ. ಕಾನೂನು ತಿದ್ದದೆಯೇ ಆಗಬಹುದಾದ ಕೆಲಸವೂ ಒಂದಿದೆ. 2007ರ ಕಾಯ್ದೆ ರೇಡಿಯೊ ಕಾಮೆಂಟರಿಯನ್ನೂ ಒಳಗೊಂಡಿದೆ. ಆಕಾಶವಾಣಿಯ ಹಾಸನ ಕೇಂದ್ರ ನಮ್ಮಲ್ಲೇ ಇದೆ. ಕೀಪ್ಯಾಡ್ ಫೋನಿನಲ್ಲೂ ಎಫ್‌ಎಂ ಬರುತ್ತದೆ, ಡೇಟಾ ಬೇಡ, ಚಂದಾ ಬೇಡ, ಕೈಕೆಲಸ ನಿಲ್ಲಿಸುವುದೂ ಬೇಡ. ಭಾರತ ಆಡುವ ಮುಖ್ಯ ಪಂದ್ಯಗಳಿಗೆ ಈ ಕೇಂದ್ರದಿಂದ ಕನ್ನಡ ಕಾಮೆಂಟರಿ ಕೊಡಿಸುವಂತೆ ಪ್ರಸಾರ ಭಾರತಿಗೆ ತಾವು ಒಂದು ಪತ್ರ ಬರೆದರೆ, ಮುಂದಿನ ಸರಣಿಯ ಹೊತ್ತಿಗೇ ಅದು ಸಾಧ್ಯವಾಗಬಹುದು.

ಇಂತಿ ತಮ್ಮ ವಿಶ್ವಾಸಿ,
ಸಕಲೇಶಪುರ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ ಮತ್ತು ಮತದಾರ