22 ವರ್ಷ ಏನು ಮಾಡ್ತಿದ್ರಿ ಅಂತ ಅಫಿಡವಿಟ್ ಕೇಳಿದರು: ಹಾಸನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಅರಕಲಗೂಡು ತಾಲ್ಲೂಕಿನವನು. ಸೆಕೆಂಡ್ ಪಿಯುಸಿ ಮುಗಿಸಿ 2000ನೇ ಇಸವಿಯಲ್ಲಿ ಸೈನ್ಯಕ್ಕೆ ಸೇರಿದೆ. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ತರಬೇತಿ ಆಯಿತು. 22 ವರ್ಷ ಸೇತುವೆ ಕಟ್ಟುವುದು, ಬಂಡೆ ಸಿಡಿಸುವುದು, ನೆಲದಲ್ಲಿ ಹೂತ ಮೈನ್ ಬಾಂಬ್ ತೆಗೆಯುವುದು ಇದೇ ಕೆಲಸ. 2022ರಲ್ಲಿ ಹವಾಲ್ದಾರ್ ಆಗಿ ಪೆನ್ಷನ್ ಬಂದೆ. ಊರಿಗೆ ಬಂದ ಎರಡನೇ ತಿಂಗಳಲ್ಲೇ ಬಿ.ಎ.ಗೆ ಸೇರಿಕೊಂಡೆ. ಈಗ ಚರಿತ್ರೆಯಲ್ಲಿ ಎಂ.ಎ. ಮೊದಲ ವರ್ಷ ಓದುತ್ತಿದ್ದೇನೆ.

ಮಾಜಿ ಸೈನಿಕರ ಕಷ್ಟಸುಖ ನೋಡಿಕೊಳ್ಳುವ ಜಿಲ್ಲಾ ಸೈನಿಕ ಮಂಡಳಿಗೆ ನೀವೇ ಅಧ್ಯಕ್ಷರು. ಅದಕ್ಕೇ ಈ ಪತ್ರ ನಿಮಗೆ.

ಬಿ.ಎ. ಅಡ್ಮಿಷನ್‌ಗೆ ಹೋದ ದಿನದ ಮಾತು ಮೊದಲು ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ, ಅಲ್ಲಿನವರು ಕೆಟ್ಟವರೇನಲ್ಲ. ಕೌಂಟರಿನಲ್ಲಿ ಅರ್ಜಿ ಕೊಟ್ಟೆ. ಒಳಗಿದ್ದವರು ತಲೆಯೆತ್ತದೆ, 'ವಿದ್ಯಾರ್ಥಿ ಎಲ್ಲಿ? ಮಗನ್ನ ಕರ್ಕೊಂಡು ಬನ್ನಿ' ಅಂದರು. 'ನಾನೇ ಸಾರ್' ಅಂದೆ. ಆಗ ತಲೆಯೆತ್ತಿದರು. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಹಿಂದೆ ಸಾಲಿನಲ್ಲಿದ್ದ ಹುಡುಗರಿಗೆ ನಗು. ನನಗೂ ನಗು ಬಂತು.

ಆಮೇಲಿನದು ಮಾತ್ರ ನಗುವಂಥದ್ದಲ್ಲ. ಪಿಯುಸಿ ಅಂಕಪಟ್ಟಿಯಲ್ಲಿ 2000 ಅಂತಿದೆ, ಈಗ 2022. ನಡುವೆ 22 ವರ್ಷ ಗ್ಯಾಪ್. ಒಂದು ವರ್ಷ ಗ್ಯಾಪ್ ಇದ್ದರೂ ಅಫಿಡವಿಟ್ ಬೇಕಂತೆ, ಆ ಅವಧಿಯಲ್ಲಿ ಏನು ಮಾಡುತ್ತಿದ್ದೆ, ಬೇರೆ ಎಲ್ಲೂ ಓದುತ್ತಿರಲಿಲ್ಲ ಅಂತ. ನಾನು ಡಿಸ್ಚಾರ್ಜ್ ಬುಕ್ ತೆಗೆದು ಮುಂದಿಟ್ಟೆ. ಸೇರಿದ ದಿನ, ಬಿಟ್ಟ ದಿನ, ಯೂನಿಟ್, ನಡತೆ ಎಲ್ಲ ಅದರಲ್ಲಿದೆ. ಅವರು ಎರಡು ಪುಟ ತಿರುವಿ ನೋಡಿ, 'ಇದು ಇಂಗ್ಲಿಷಲ್ಲಿದೆ, ನಮಗೆ ಗೊತ್ತಾಗಲ್ಲ, ನೀವು ಸ್ಟ್ಯಾಂಪ್ ಪೇಪರ್ ಮಾಡಿಸ್ಕೊಂಡು ಬನ್ನಿ' ಅಂದರು. ಕೋರ್ಟ್ ಹತ್ತಿರ ಹೋಗಿ ಟೈಪ್ ಮಾಡಿಸಿದೆ. ಟೈಪ್ ಮಾಡುವ ಹುಡುಗನಿಗೆ ಒಂದು ಮಾದರಿ ಗೊತ್ತು, ಎಲ್ಲರಿಗೂ ಅದನ್ನೇ ಹೊಡೆಯುತ್ತಾನೆ: 'ಕೌಟುಂಬಿಕ ಕಾರಣಗಳಿಂದ ವಿದ್ಯಾಭ್ಯಾಸ ಮುಂದುವರಿಸಲು ಸಾಧ್ಯವಾಗಿರುವುದಿಲ್ಲ'. ನಾನು ಅದನ್ನು ಹೊಡೆದು ಹಾಕಿಸಿ, 'ಭಾರತೀಯ ಸೇನೆಯಲ್ಲಿ ಸೇವೆಯಲ್ಲಿದ್ದ ಕಾರಣ' ಅಂತ ಬರೆಸಿದೆ. ಆ ಕಾಗದದ ಜೆರಾಕ್ಸ್ ಇನ್ನೂ ಇಟ್ಟುಕೊಂಡಿದ್ದೇನೆ.

ಅರ್ಜಿಯಲ್ಲಿ 'ಮಾಜಿ ಸೈನಿಕ' ಅನ್ನುವ ಪದ ಇತ್ತು. ಆದರೆ ಅದು ತಂದೆಯ ಉದ್ಯೋಗದ ಕಾಲಂನಲ್ಲಿ. ನಮ್ಮಪ್ಪ ರಾಗಿ, ಹೊಗೆಸೊಪ್ಪು ಬೆಳೆದವರು. ಅಲ್ಲಿ 'ರೈತ' ಅಂತ ಬರೆದೆ. ನಾನು ಯಾರು ಅಂತ ಬರೆಯುವುದಕ್ಕೆ ಜಾಗವೇ ಇರಲಿಲ್ಲ.

ಇಷ್ಟೇ ಸಾರ್ ನನ್ನ ಇಡೀ ತಕರಾರು. ಮಾಜಿ ಸೈನಿಕನ ಓದಿಗೆ ಅಂತ ಇರುವ ಸವಲತ್ತುಗಳಲ್ಲಿ ಹೆಚ್ಚಿನವು ಅವನ ಮಕ್ಕಳಿಗೆ. ಅವನೇ ಓದಲು ಬಂದರೆ ಯಾವ ಕಾಲಂನಲ್ಲೂ ಅವನಿಲ್ಲ.

ಮಕ್ಕಳಿಗೆ ಇರುವುದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ, ಅದರ ಫಲ ನಮ್ಮ ಮನೆಯಲ್ಲೇ ಇದೆ. ಕೇಂದ್ರೀಯ ಸೈನಿಕ ಮಂಡಳಿಯ ಪ್ರಧಾನಮಂತ್ರಿ ವಿದ್ಯಾರ್ಥಿವೇತನ 2006-07ರಲ್ಲಿ ಶುರುವಾದದ್ದು. ದೇಶಕ್ಕೆಲ್ಲ ಸೇರಿ ವರ್ಷಕ್ಕೆ 5500 ಜನಕ್ಕೆ ಸಿಗುತ್ತದೆ. ಗಂಡುಮಕ್ಕಳಿಗೆ ತಿಂಗಳಿಗೆ 2500, ಹೆಣ್ಣುಮಕ್ಕಳಿಗೆ 3000. ಪಿಯುಸಿಯಲ್ಲಿ 60 ಪರ್ಸೆಂಟ್ ಇರಬೇಕು, ವೃತ್ತಿಪರ ಕೋರ್ಸ್ ಆಗಿರಬೇಕು. ನನ್ನ ಮಗಳು ಎಂಜಿನಿಯರಿಂಗ್ ಓದುತ್ತಿದ್ದಾಳೆ, ಅವಳಿಗೆ ವರ್ಷಕ್ಕೆ 36,000 ಬರುತ್ತದೆ. ರಕ್ಷಣಾ ಮಂತ್ರಿಗಳ ನಿಧಿಯಿಂದ ಹವಾಲ್ದಾರ್ ದರ್ಜೆವರೆಗಿನವರ ಇಬ್ಬರು ಮಕ್ಕಳಿಗೆ ತಿಂಗಳಿಗೆ ತಲಾ 1000 ಇತ್ತು, 2025ರ ನವೆಂಬರಿನಿಂದ ಅದು 2000 ಆಗಿದೆ. ಸಿಇಟಿಯಲ್ಲಿ ನಮ್ಮ ಮಕ್ಕಳಿಗೆ ಬೇರೆ ಸೀಟಿದೆ. ಶಕ್ತಿ ಯೋಜನೆ ಬಂದ ಮೇಲೆ ಮಗಳಿಗೆ ಬಸ್ಸೂ ಫ್ರೀ. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತುತ್ತೇವೆ. ಅವಳು ಸ್ಕಾಲರ್‌ಶಿಪ್ ಬರುವ ವಿದ್ಯಾರ್ಥಿನಿ, ನಾನು ಟಿಕೆಟ್ ತಗೊಂಡು ಹೋಗುವ ವಿದ್ಯಾರ್ಥಿ. ತಿಂಗಳ ಕೊನೆಗೆ ಅವಳ ಹತ್ತಿರವೇ ಸಾಲ ಕೇಳಿದ್ದೂ ಉಂಟು. 'ಅಪ್ಪಾ, ಬಡ್ಡಿ ಎಷ್ಟು ಕೊಡ್ತೀಯ?' ಅಂತಾಳೆ.

'ನಿಮಗೆ ಡಿಗ್ರಿ ಸರ್ಟಿಫಿಕೇಟ್ ಸೈನ್ಯದಲ್ಲೇ ಕೊಡ್ತಾರಲ್ಲ' ಅಂತ ಎಷ್ಟೋ ಜನ ಕೇಳುತ್ತಾರೆ. ಕೊಡುತ್ತಾರೆ, ನಿಜ. ಎಸ್‌ಎಸ್‌ಎಲ್‌ಸಿ ಆಗಿ 15 ವರ್ಷ ಸೇವೆ ಮಾಡಿದವನನ್ನು ಪದವೀಧರನಿಗೆ ಸಮ ಅಂತ ಲೆಕ್ಕ ಹಿಡಿಯುತ್ತಾರೆ. ಕೇಂದ್ರ ಸರ್ಕಾರದ ಕೆಲವು ಗ್ರೂಪ್ ಸಿ ಹುದ್ದೆಗಳಿಗೆ ಅದು ನಡೆಯುತ್ತದೆ. ಅದನ್ನು ಹಿಡಿದುಕೊಂಡು ಎಂ.ಎ.ಗೆ ಸೀಟು ಕೇಳಿದರೆ ನಡೆಯುವುದಿಲ್ಲ. ನಾನೂ ಕೇಳಿ ನೋಡಿದೆ, ಆಗಲ್ಲ ಅಂದರು. ಮನಸ್ಸಿಗೆ ಬೇಜಾರಾಯಿತು, ಆದರೆ ಅವರು ಹೇಳಿದ್ದು ಸರಿ ಅಂತ ಆಮೇಲೆ ಅನ್ನಿಸಿತು. ಕಬ್ಬಿಣದ ಬಿಡಿಭಾಗಗಳ ಬೈಲಿ ಸೇತುವೆ ಜೋಡಿಸಲು ಬಂದ ಮಾತ್ರಕ್ಕೆ ಕದಂಬರ ಶಾಸನ ಓದಲು ಬರುತ್ತದಾ? ಮೊದಲ ಸೆಮಿಸ್ಟರಿಂದಲೇ ಕೂತೆ. ಆದರೆ ಸೇತುವೆ ಜೋಡಿಸಲು ಬರುವುದಕ್ಕೆ ಒಂದು ಕ್ರೆಡಿಟ್ಟೂ ಇಲ್ಲ ಅನ್ನುವುದು ಇವತ್ತಿಗೂ ಅರ್ಥವಾಗಿಲ್ಲ.

ಪೆನ್ಷನ್‌ಗೆ ಮುಂಚೆ ನಮಗೆ ಪುನರ್ವಸತಿ ಕೋರ್ಸ್ ಅಂತ ಮಾಡಿಸುತ್ತಾರೆ. ನಾನು ಮಾಡಿದ್ದು ಸೆಕ್ಯುರಿಟಿ ಸೂಪರ್‌ವೈಸರ್ ಕೋರ್ಸು. ಬಿ.ಎ. ಮೊದಲ ವರ್ಷ ಅದೇ ಕೆಲಸ ಮಾಡಿದೆ, ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿ ಗೇಟಿನಲ್ಲಿ. ರಾತ್ರಿ 8ರಿಂದ ಬೆಳಿಗ್ಗೆ 8. ಅಲ್ಲೇ ಮುಖ ತೊಳೆದು, ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು 10 ಗಂಟೆ ಕ್ಲಾಸಿಗೆ. ಮಧ್ಯಾಹ್ನದ ಕ್ಲಾಸಿನಲ್ಲಿ ಒಂದು ದಿನ ನಿದ್ದೆ ಹೋಗಿಬಿಟ್ಟೆ. ಮೇಷ್ಟ್ರು ಹತ್ತಿರ ಬಂದು, 'ಏನ್ರೀ ಮಿಲಿಟರಿ, ಗಡೀಲೂ ಹಿಂಗೇನಾ?' ಅಂದರು. ಅವರು ನನಗಿಂತ ಹತ್ತು ವರ್ಷ ಚಿಕ್ಕವರು. ಸಂಜೆ ಅವರೇ ಕರೆದು ಟೀ ಕೊಡಿಸಿ ವಿಷಯ ಕೇಳಿದರು, ಅದು ಬೇರೆ ಮಾತು.

ಕಿವಿಯ ವಿಷಯವನ್ನೂ ಹೇಳಬೇಕು. ಸ್ಫೋಟಕದ ಕೆಲಸದಲ್ಲಿ ನನ್ನ ಎಡಗಿವಿ ಮುಕ್ಕಾಲು ಹೋಗಿದೆ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ನನಗೆ ಏನೂ ಕೇಳುವುದಿಲ್ಲ. ಮೊದಮೊದಲು ಹೇಳಿಕೊಳ್ಳಲು ನಾಚಿಕೆ. ಹುಡುಗರ ಮುಂದೆ ಏನು ಹೇಳೋದು ಅಂತ ಸುಮ್ನೆ ಕೂತಿರುತ್ತಿದ್ದೆ. ಹೊಳೆನರಸೀಪುರದ ಕಡೆಯ ಒಬ್ಬ ಹುಡುಗ ಅದನ್ನು ಗಮನಿಸಿ, ಒಂದು ದಿನ ಬಂದು ನನ್ನ ಬಲಗಡೆ ಕೂತ. ಮೂರು ವರ್ಷವೂ ಅಲ್ಲೇ ಕೂತ. ಮೇಷ್ಟ್ರು ಹೇಳಿದ್ದನ್ನು ಮೆಲ್ಲಗೆ ಬಲಗಿವಿಗೆ ಹೇಳುತ್ತಿದ್ದ. ನನ್ನ ಡಿಗ್ರಿಯಲ್ಲಿ ಅವನದೂ ಪಾಲಿದೆ. ಕಾಲೇಜಿನ ಕಡೆಯಿಂದ ನನಗೆ ಸಿಕ್ಕ ಬೆಂಬಲ ಅಂತ ಯಾರಾದರೂ ಕೇಳಿದರೆ ಅವನನ್ನೇ ತೋರಿಸಬೇಕು.

ಇದೇ ಕಿವಿಯ ಮರುಪರೀಕ್ಷೆಗೆ ಬೆಂಗಳೂರಿನ ಕಮಾಂಡ್ ಆಸ್ಪತ್ರೆಗೆ ಮೂರು ಸಲ ಹೋಗಬೇಕಾಯಿತು. ಮೆಡಿಕಲ್ ಬೋರ್ಡ್ ಕರೆದ ದಿನಕ್ಕೇ ಹೋಗಬೇಕು, ನಮ್ಮ ಅನುಕೂಲ ಕೇಳುವುದಿಲ್ಲ. ಆ ಸೆಮಿಸ್ಟರಿನಲ್ಲಿ ಹಾಜರಾತಿ 71ಕ್ಕೆ ನಿಂತಿತು. ಬೇಕಾದದ್ದು 75. ಬೋರ್ಡಿನ ಕಾಗದ ಕೊಟ್ಟೆ. 'ಸರ್ಕಾರಿ ಆಸ್ಪತ್ರೆ ಡಾಕ್ಟ್ರ ಸೀಲ್ ಇರಬೇಕು' ಅಂದರು. ಕಮಾಂಡ್ ಆಸ್ಪತ್ರೆ ಸರ್ಕಾರದ್ದಲ್ಲದೆ ಇನ್ಯಾರದ್ದು? ಕೊನೆಗೆ ಒಬ್ಬ ಹಿರಿಯ ಮೇಷ್ಟ್ರು ಮಧ್ಯೆ ಬಂದು ಮಾತಾಡಿ ಹಾಲ್ ಟಿಕೆಟ್ ಕೊಡಿಸಿದರು. ಅದೇ ಕಾಲೇಜಿನಲ್ಲಿ ಅದೇ ವರ್ಷ ಜುಲೈ 26ಕ್ಕೆ, ಕಾರ್ಗಿಲ್ ವಿಜಯ ದಿವಸಕ್ಕೆ, ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿ ಪೇಟ ತೊಡಿಸಿದ್ದರು. ಶಾಲು ಚೆನ್ನಾಗಿದೆ, ಚಳಿಗಾಲದಲ್ಲಿ ನಮ್ಮಮ್ಮ ಹೊದ್ದುಕೊಳ್ಳುತ್ತಾರೆ.

ಬೇರೆ ದೇಶಗಳಲ್ಲಿ ಹೇಗಿದೆ ಅಂತ ಒಂದಿಷ್ಟು ಓದಿ ನೋಡಿದೆ. ಅಮೆರಿಕದಲ್ಲಿ ಎರಡನೇ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಇದಕ್ಕೆ ಕಾನೂನು ಮಾಡಿದರು. ಸುಮಾರು 22 ಲಕ್ಷ ಸೈನಿಕರು ಆ ಹಣದಲ್ಲಿ ಕಾಲೇಜು ಮೆಟ್ಟಿಲು ಹತ್ತಿದರು. ಈಗಿನ ಕಾನೂನಿನಲ್ಲಿ ಪೂರ್ತಿ ಅರ್ಹತೆ ಇರುವವನಿಗೆ 36 ತಿಂಗಳ ಫೀಸು, ಬಾಡಿಗೆಗೆ ಹಣ, ಪುಸ್ತಕಕ್ಕೆ ಹಣ. ಅಷ್ಟೆಲ್ಲ ಇಲ್ಲಿ ಕೊಡಿ ಅಂತ ನಿಮ್ಮನ್ನು ಕೇಳುವಷ್ಟು ಪೆದ್ದ ನಾನಲ್ಲ. ನನಗೆ ಇಷ್ಟವಾದದ್ದು ಅಲ್ಲಿನ ಒಂದು ಸಣ್ಣ ವ್ಯವಸ್ಥೆ. ಈ ಯೋಜನೆಗೆ ಒಪ್ಪಿಗೆ ಪಡೆದ ಕಾಲೇಜುಗಳಲ್ಲಿ ಮಾಜಿ ಸೈನಿಕರ ಕಾಗದಪತ್ರ ನೋಡಿಕೊಳ್ಳಲು ಗೊತ್ತುಮಾಡಿದ ಸಿಬ್ಬಂದಿ ಇರುತ್ತಾರೆ. ಡಿಸ್ಚಾರ್ಜ್ ಬುಕ್ ಅಂದರೇನು, ಪಿಪಿಒ (ಪೆನ್ಷನ್ ಆದೇಶದ ಕಾಗದ) ಅಂದರೇನು ಅಂತ ಗೊತ್ತಿರುವ ಒಬ್ಬ ಮನುಷ್ಯ. ನಮ್ಮ ಜಿಲ್ಲೆಯ ಒಂದೊಂದು ಸರ್ಕಾರಿ ಡಿಗ್ರಿ ಕಾಲೇಜಿನಲ್ಲೂ, ಎಂ.ಎ. ಪಾಠ ನಡೆಯುವ ಹೇಮಗಂಗೋತ್ರಿ ಕ್ಯಾಂಪಸ್ಸಿನಲ್ಲೂ ಅಂಥ ಒಬ್ಬರನ್ನು ಗೊತ್ತುಮಾಡಲು ಎಷ್ಟು ಖರ್ಚಾದೀತು? ಹೊಸ ಹುದ್ದೆ ಬೇಡ. ಎನ್‌ಸಿಸಿ ನೋಡಿಕೊಳ್ಳುವ ಮೇಷ್ಟ್ರು ಹೆಚ್ಚಿನ ಕಾಲೇಜಿನಲ್ಲಿ ಇದ್ದೇ ಇದ್ದಾರೆ. ಅವರಿಗೇ ಹೇಳಿದರೆ ಆಯಿತು, ಅವರಿಗೆ ನಮ್ಮ ಭಾಷೆ ಅರ್ಧ ಗೊತ್ತು. ಜಿಲ್ಲಾ ಸೈನಿಕ ಮಂಡಳಿಯಿಂದ ಅವರನ್ನೆಲ್ಲ ಒಂದು ದಿನ ಕೂರಿಸಿ ತಿಳಿಸಿಕೊಡಬಹುದು.

ಗ್ಯಾಪ್ ಅಫಿಡವಿಟ್ ವಿಷಯಕ್ಕೆ ನಿಮ್ಮದೊಂದು ಪತ್ರ ಸಾಕು ಅನ್ನಿಸುತ್ತದೆ. 'ಡಿಸ್ಚಾರ್ಜ್ ಬುಕ್ ಇದ್ದರೆ ಬೇರೆ ಪ್ರಮಾಣ ಪತ್ರ ಕೇಳಬೇಡಿ' ಅಂತ ಪ್ರಾಂಶುಪಾಲರಿಗೆ ಬರೆಯಿರಿ. ಸೈನ್ಯದ ಆಸ್ಪತ್ರೆಯ ಕಾಗದವನ್ನು ಹಾಜರಾತಿಗೆ ಒಪ್ಪಿಕೊಳ್ಳಿ ಅಂತ ವಿಶ್ವವಿದ್ಯಾಲಯಕ್ಕೂ ಬರೆಯಿರಿ. ಫೀಸು, ಅರ್ಜಿಯ ಕಾಲಂ ಇವೆಲ್ಲ ಬೆಂಗಳೂರಿನಲ್ಲಿ ಆಗಬೇಕಾದದ್ದು, ನನಗೆ ಗೊತ್ತು. ಆದರೆ ಜಿಲ್ಲೆಯಿಂದ ಯಾರೂ ಬರೆಯದಿದ್ದರೆ ಇಂಥದ್ದೊಂದು ತೊಂದರೆ ಇದೆ ಅಂತ ಅಲ್ಲಿ ಗೊತ್ತಾಗುವುದಾದರೂ ಹೇಗೆ?

ನನ್ನಂಥವರು ಎಷ್ಟು ಜನ ಇದ್ದೀರಿ ಅಂತ ನೀವು ಕೇಳಬಹುದು. ಜಾಸ್ತಿ ಇಲ್ಲ. ನಲವತ್ತು ದಾಟಿ ಹುಡುಗರ ಜೊತೆ ಬೆಂಚಿನಲ್ಲಿ ಕೂರುವ ಹುಚ್ಚು ಎಲ್ಲರಿಗೂ ಇರುವುದಿಲ್ಲ. ಆದರೆ ಇನ್ನು ಮುಂದೆ ಬರುವವರು ನಲವತ್ತರವರಲ್ಲ. ನಾಲ್ಕು ವರ್ಷಕ್ಕೆ ಮಾತ್ರ ಸೈನ್ಯಕ್ಕೆ ತಗೊಳ್ಳುವ ಅಗ್ನಿಪಥ ಯೋಜನೆ ಬಂದದ್ದು 2022ರ ಜೂನ್‌ನಲ್ಲಿ. ಮೊದಲ ಬ್ಯಾಚಿನ ಹುಡುಗರು 2023ರ ಜನವರಿ ಹೊತ್ತಿಗೆ ತರಬೇತಿ ಶುರು ಮಾಡಿದರು. ಅವರ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಗೆ, 2027ರ ಶುರುವಿಗೆ. ಖಾಯಂ ಆಗಿ ಉಳಿಸಿಕೊಳ್ಳುವುದು 25 ಪರ್ಸೆಂಟ್ ತನಕ ಮಾತ್ರ. ಉಳಿದವರು ಸುಮಾರು 11.71 ಲಕ್ಷ ಸೇವಾನಿಧಿ ತಗೊಂಡು ಊರಿಗೆ ಬರುತ್ತಾರೆ. ಪೆನ್ಷನ್ ಇಲ್ಲ. ಯೋಜನೆಯ ನಿಯಮದ ಪ್ರಕಾರ ಅವರಿಗೆ 'ಮಾಜಿ ಸೈನಿಕ' ಅನ್ನುವ ಸ್ಥಾನವೂ ಇಲ್ಲ. ವಯಸ್ಸು ಇಪ್ಪತ್ತೆರಡೋ ಇಪ್ಪತ್ತೈದೋ. ಅದು ಓದುವ ವಯಸ್ಸೇ ಅಲ್ವಾ?

ನಮ್ಮ ಪಕ್ಕದ ಊರಿನ ಒಬ್ಬ ಹುಡುಗ ಹಾಗೆ ಅಗ್ನಿವೀರನಾಗಿ ಹೋಗಿದ್ದಾನೆ. ರಜೆಗೆ ಬಂದಾಗ ನನ್ನನ್ನು ಹುಡುಕಿಕೊಂಡು ಬಂದು, 'ಅಣ್ಣ, ವಾಪಸ್ ಬಂದ್ಮೇಲೆ ಹಾಸನದಲ್ಲಿ ಡಿಗ್ರಿ ಮುಗಿಸಬಹುದಾ?' ಅಂತ ಕೇಳಿದ. ಅಗ್ನಿವೀರರಿಗೆ ಅಂತಲೇ ಇಗ್ನೋ ಮುಕ್ತ ವಿಶ್ವವಿದ್ಯಾಲಯದಲ್ಲಿ ಒಂದು ಡಿಗ್ರಿ ಇದೆ. ಅದರಲ್ಲಿ ಅರ್ಧ ಕ್ರೆಡಿಟ್ ಸೈನ್ಯದ ತರಬೇತಿಗೇ ಸಿಗುತ್ತದೆ. ನನಗೆ ಸಿಗದಿದ್ದದ್ದು ಇವರಿಗೆ ಸಿಗುತ್ತಿದೆ, ಸಂತೋಷ. ಆದರೆ ಅದನ್ನು ಅರ್ಧಕ್ಕೆ ಬಿಟ್ಟು ಬಂದ ಹುಡುಗ ಇಲ್ಲಿನ ಕೌಂಟರಿನ ಮುಂದೆ ನಿಂತರೆ ಆ ಕ್ರೆಡಿಟ್ ಕಾಗದವನ್ನು ಯಾರು ಓದುತ್ತಾರೆ? ಅವನನ್ನೂ ಕೋರ್ಟ್ ಹತ್ತಿರ ಟೈಪ್ ಮಾಡಿಸಲು ಕಳಿಸುತ್ತಾರಾ? ಅವನು ಮಾಜಿ ಸೈನಿಕ ಅಲ್ಲ ಅಂದ ಮೇಲೆ ಸೈನಿಕ ಮಂಡಳಿಯ ಬಾಗಿಲಿಗಾದರೂ ಬರಬಹುದಾ? ಅವನಿಗೆ ನಾನು, 'ನೋಡೋಣ, ಕೇಳಿ ಹೇಳ್ತೀನಿ' ಅಂದೆ. ಆ ಮಾತು ಉಳಿಸಿಕೊಳ್ಳಲಿಕ್ಕೆ ಈಗ ನಿಮ್ಮನ್ನು ಕೇಳುತ್ತಿದ್ದೇನೆ. ಹನ್ನೊಂದು ಲಕ್ಷ ಕೈಯಲ್ಲಿಟ್ಟುಕೊಂಡ ಇಪ್ಪತ್ತೆರಡರ ಹುಡುಗನಿಗೆ ನಮ್ಮೂರಲ್ಲಿ ಸಲಹೆ ಕೊಡುವವರಿಗೆ ಬರವಿಲ್ಲ. ಶುಂಠಿ ಹಾಕು ಅನ್ನುವವರು, ಕಾರು ತಗೋ ಅನ್ನುವವರು, ಚೀಟಿ ಹಾಕು ಅನ್ನುವವರು ಈಗಲೇ ಕಾಯುತ್ತಿದ್ದಾರೆ. ಕಾಲೇಜಿಗೆ ಸೇರು ಅನ್ನುವವನು ಸದ್ಯಕ್ಕೆ ನಾನೊಬ್ಬನೇ, ನನ್ನ ಮಾತನ್ನು ಊರಲ್ಲಿ ಅಷ್ಟಾಗಿ ಯಾರೂ ಕೇಳುವುದಿಲ್ಲ.

ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. ಅವತ್ತು ನಿಮ್ಮ ಅಂಗಿಗೆ ಪುಟ್ಟ ಧ್ವಜ ಹಚ್ಚಲು ನಮ್ಮವರು ಕಚೇರಿಗೆ ಬರುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತೇವೆ, ಕಾಫಿ ಕುಡಿದು ಹೊರಡುತ್ತೇವೆ. ಈ ಸಲ ಕಾಫಿ ಆದ ಮೇಲೆ ಹತ್ತು ನಿಮಿಷ ಜಾಸ್ತಿ ಕೊಡಿ. ಪಕ್ಕದ ಊರಿನ ಹುಡುಗನಿಗೆ ಆಗ ರಜೆ ಸಿಕ್ಕರೆ ಅವನನ್ನೂ ಕರೆತರುತ್ತೇನೆ. ಅಫಿಡವಿಟ್ಟಿನ ಜೆರಾಕ್ಸ್ ನನ್ನ ಜೇಬಿನಲ್ಲಿರುತ್ತದೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಮಾಜಿ ಹವಾಲ್ದಾರ್, ಹಾಲಿ ವಿದ್ಯಾರ್ಥಿ
ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ